ಮಳೆಗಾಲದ ಕಟ್ಟಿಗೆ: ತಾಡಪತ್ರಿಯೋ, ತಗಡಿನ ಮಾಡೋ, ಅಟ್ಟವೋ?

ಮೊದಲೇ ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಘಟ್ಟದಲ್ಲಿ, ಮುಳಶಿ, ತಾಮ್ಹಿಣಿ, ಮಹಾಬಳೇಶ್ವರದ ಕಡೆ ನಿಮ್ಮದೊಂದು ಮನೆ ಇದ್ದು, ಮಳೆಗಾಲದಲ್ಲೂ ಅಲ್ಲಿ ಒಲೆ ಹೊತ್ತಿಸುವವರಾದರೆ ಕಟ್ಟಿಗೆಗೆ ತಗಡಿನ ಮಾಡು ಹಾಕಿಸಿ. ಮನೆಯ ಪೂರ್ವದ ಗೋಡೆಗೆ ಆನಿಸಿ, ಉಳಿದ ಮೂರು ಕಡೆ ಬಯಲು ಬಿಟ್ಟು. ತಾಡಪತ್ರಿಗೆ ದುಡ್ಡು ಹಾಕಬೇಡಿ. ತೆಳು ತಾಡಪತ್ರಿ, ದಪ್ಪ ತಾಡಪತ್ರಿ, ಬಾಗಿಲು ಹಾಕಿದ ಕೋಣೆ, ತಗಡು, ಅಟ್ಟ ಎಲ್ಲವನ್ನೂ ನಮ್ಮ ಮನೆಯಲ್ಲೇ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾವಿರುವುದು ಪುಣೆಯ ಕೋಥರೂಡಿನಲ್ಲಿ. ಆ ಮನೆ ಇರುವುದು ಮುಳಶಿ ಅಣೆಕಟ್ಟು ದಾಟಿ ತಾಮ್ಹಿಣಿ ಘಾಟಿಗೆ ಹೋಗುವ ದಾರಿಯಲ್ಲಿ. ಸಣ್ಣದು, ಮಂಗಳೂರು ಹಂಚಿನದು. ಪುಣೆ ಪೇಟೆಯಲ್ಲಿ ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆಯಾದರೆ ಮಹಾಬಳೇಶ್ವರದಲ್ಲಿ 5,500 ಮಿಲಿಮೀಟರ್ ಆಸುಪಾಸು. ತಾಮ್ಹಿಣಿ ಅದಕ್ಕೇನೂ ಕಡಿಮೆ ಇಲ್ಲ. 2024ರ ಜುಲೈ ಕೊನೆಯ ವಾರ ಅಲ್ಲಿ ಒಂದೇ ದಿನದಲ್ಲಿ 550 ಮಿಲಿಮೀಟರ್ ದಾಟಿತು. ಪುಣೆಯ ಮುಕ್ಕಾಲು ವರ್ಷದ ಮಳೆ ಒಂದೇ ದಿನಕ್ಕೆ ಬಿದ್ದ ಲೆಕ್ಕ ಅಲ್ವಾ?

ನಾನು ಶಿರಸಿ ಕಡೆಯವನು, ಮಳೆ ನನಗೆ ಹೊಸದಲ್ಲ. ಆದರೆ ಊರಲ್ಲಿ ಕಟ್ಟಿಗೆ ಕೊಟ್ಟಿಗೆ ಅಜ್ಜನ ಕಾಲದಿಂದ ಇತ್ತು, ಯಾರೂ ಅದರ ಬಗ್ಗೆ ಯೋಚನೆ ಮಾಡಬೇಕಾಗಿರಲಿಲ್ಲ. ಇಲ್ಲಿ ಎಲ್ಲ ಹೊಸದಾಗಿ ಶುರು. ಜೋರು ಗಾಳಿಮಳೆಗೆ ಕರೆಂಟ್ ಹೋದರೆ ಬೇಗ ಬರುವುದಿಲ್ಲ, ಗೀಸರ್ ನಂಬಿ ಕೂರುವ ಹಾಗಿಲ್ಲ. ಅಡುಗೆಗೆ ಗ್ಯಾಸ್ ಇದೆ. ಸ್ನಾನದ ನೀರಿಗೆ, ಬಟ್ಟೆ ಒಣಗಿಸಲು, ರಾತ್ರಿ ಸ್ವಲ್ಪ ಬೆಚ್ಚಗಿರಲು ಬಚ್ಚಲ ಒಲೆಯೇ ಗತಿ. ಹಾಗಾಗಿ ಕಟ್ಟಿಗೆ ಒಣಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ಮೊದಲು ತಂದದ್ದು ನೀಲಿ ತಾಡಪತ್ರಿ. ಪೇಟೆಯ ಅಂಗಡಿಯವನು "ಒಂದು ಹನಿ ಒಳಗೆ ಹೋಗಲ್ಲ, ಗ್ಯಾರಂಟಿ" ಅಂದ. ಆ ಮಾತು ಸುಳ್ಳಾಗಲಿಲ್ಲ. ಹೊರಗಿನಿಂದ ಹನಿ ಒಳಗೆ ಹೋಗಲೇ ಇಲ್ಲ. ಮೃಗಶಿರಾ ಮಳೆ ಶುರುವಾಗುವ ಮೊದಲೇ ಕಟ್ಟಿಗೆ ಪೇರಿಸಿ, ನಾಲ್ಕೂ ಕಡೆ ನೆಲದವರೆಗೆ ಮುಚ್ಚಿ, ಅಂಚಿನ ಮೇಲೆ ಕಲ್ಲು ಹೇರಿ ಬಂದೆವು. ನೋಡಲು ಬಹಳ ಅಚ್ಚುಕಟ್ಟಾಗಿತ್ತು.

ತಾಪತ್ರಯ ಇದ್ದದ್ದು ಒಳಗೆ. ಎಷ್ಟೇ ಒಣಗಿದೆ ಅಂದರೂ ಕಟ್ಟಿಗೆಯಲ್ಲಿ ನೀರು ಇದ್ದೇ ಇರುತ್ತದೆ. ಕೆಳಗಿನ ನೆಲದಿಂದಲೂ ತೇವ ಮೇಲೇಳುತ್ತದೆ. ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದರೆ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುತ್ತದಲ್ಲ, ಹಾಗೆಯೇ ಪ್ಲಾಸ್ಟಿಕ್ಕಿನ ಒಳಮೈಯೆಲ್ಲ ಹನಿ ಕಟ್ಟಿತ್ತು. ಮಳೆ ನಡುವೆ ಒಂದೆರಡು ಗಂಟೆ ಬಿಸಿಲು ಬಿದ್ದರೆ ಸಾಕು, ಒಳಗೆ ಆವಿ ಏಳುತ್ತದೆ. ಸಂಜೆ ತಣ್ಣಗಾದ ಕೂಡಲೇ ಆ ಆವಿ ನೀರಾಗಿ ಮೇಲಿನ ಸಾಲಿನ ಮೇಲೆ ಹನಿ ಹನಿಯಾಗಿ ಬೀಳುತ್ತದೆ. ಹೊರಗೆ ಹೋಗಲು ದಾರಿಯೇ ಇಲ್ಲ.

ಜುಲೈನಲ್ಲಿ ತಾಡಪತ್ರಿ ಎತ್ತಿದಾಗ ಮೊದಲು ಬಂದದ್ದು ವಾಸನೆ. ನಾಯಿಕೊಡೆಯ ಹಸಿ ವಾಸನೆ. ಮಾವಿನ ತುಂಡುಗಳ ಮೇಲೆ ಬಿಳಿ ಬೂಸ್ಟು ಹತ್ತಿಯಂತೆ ಹಬ್ಬಿತ್ತು. ತೊಗಟೆ ಬೆರಳಲ್ಲಿ ಎಳೆದರೆ ಇಡಿಯಾಗಿ ಕಳಚಿ ಬರುತ್ತಿತ್ತು, ಅದರ ಕೆಳಗೆ ಹುಳು ಕೊರೆದ ಹಳದಿ ಪುಡಿ ಒದ್ದೆಯಾಗಿ ಮುದ್ದೆ ಕಟ್ಟಿತ್ತು. ತಳದ ಸಾಲಿಗೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಏರಿತ್ತು. ಮೂಲೆಯಲ್ಲಿ ಒಂದು ಚೇಳು. ಮನೆ ನೋಡಿಕೊಳ್ಳುವ ಕಾಕಾ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದು, ಇನ್ನು ಮೇಲೆ ಕೋಲಿಲ್ಲದೆ ಇದನ್ನು ಎತ್ತಬೇಡಿ ಅಂದರು. ಈ ಕಾಡಿನಲ್ಲಿ ಮಳೆ ಬಿದ್ದ ಮೇಲೆ ಬಿದಿರು ಗುಳಿಮಂಡಲ ಹಾವೂ ಓಡಾಡುತ್ತದೆ. ಬೆಚ್ಚಗೆ, ಕತ್ತಲಾಗಿ, ಯಾರೂ ಅಲ್ಲಾಡಿಸದೆ ಇರುವ ಜಾಗ ಯಾವ ಪ್ರಾಣಿಗೆ ಬೇಡ?

ಆ ಕಟ್ಟಿಗೆ ಒಲೆಗಿಟ್ಟರೆ ತುದಿಯಿಂದ ನೊರೆ ಬರುತ್ತದೆ. ಚಿರ್ರ್ ಅನ್ನುತ್ತದೆ. ಬೆಂಕಿಯ ಶಾಖವೆಲ್ಲ ಕಟ್ಟಿಗೆಯೊಳಗಿನ ನೀರು ಕಾಯಿಸುವುದಕ್ಕೇ ಖರ್ಚು, ಹಂಡೆಯ ನೀರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಬಚ್ಚಲ ತುಂಬ ಹೊಗೆ. ನನ್ನ ಅತ್ತೆಗೆ ಮೊದಲೇ ಉಬ್ಬಸ. ಅವರು ಆ ಸಲ ಎರಡನೇ ದಿನವೇ "ನನ್ನನ್ನು ಪುಣೆಗೆ ಬಿಟ್ಟು ಬನ್ನಿ, ಇಲ್ಲಿ ಉಸಿರಾಡೋಕೆ ಆಗ್ತಿಲ್ಲ" ಅಂದರು. ನನಗೆ ಕಟ್ಟಿಗೆ ಹಾಳಾದದ್ದಕ್ಕಿಂತ ಜಾಸ್ತಿ ಬೇಜಾರಾದದ್ದು ಆ ಮಾತಿಗೆ. ಮನೆ ಮಾಡಿದ್ದೇ ಅವರು ಮಳೆ ನೋಡುತ್ತ ಜಗಲಿಯಲ್ಲಿ ಕೂರಲಿ ಅಂತ.

ಪಕ್ಕಗಳನ್ನು ಬಿಟ್ಟು ಮೇಲೆ ಮಾತ್ರ ಹೊದಿಸಿದರೆ? ಅದನ್ನೂ ಮಾಡಿದೆವು. ಬೂಸ್ಟು ಕಡಿಮೆಯಾಯಿತು, ಆದರೆ ಗಾಳಿ ಬಿಡಬೇಕಲ್ಲ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ಬಿಗಿ ಸಡಿಲಾಗುತ್ತದೆ. ತಾಡಪತ್ರಿ ಪಟಪಟ ಬಡಿದುಕೊಂಡು ಹಗ್ಗದ ಕಣ್ಣುಗಳೆಲ್ಲ ಹರಿದವು. ತೆಂಗಿನ ನಾರಿನ ಹಗ್ಗ ಇದಕ್ಕೆ ವಾಸಿ, ನೆನೆದರೆ ಇನ್ನೂ ಬಿಗಿಯಾಗುತ್ತದೆ. ಆದರೆ 2024ರ ಆ ಪುಷ್ಯ ಮಳೆಯಲ್ಲಿ ಹಗ್ಗ ಉಳಿಯಿತು, ತಾಡಪತ್ರಿ ಎರಡು ಹೋಳಾಯಿತು.

ದಪ್ಪ ತಾಡಪತ್ರಿ, ಪದರ ಪದರವಾಗಿ ಬರುತ್ತದಲ್ಲ ಅದು, ಹರಿಯಲಿಲ್ಲ. ಒಳಗಿನ ಬೆವರು ಮಾತ್ರ ಹಾಗೆಯೇ.

ಬಾಗಿಲು ಹಾಕಿದ ಕೋಣೆಯೂ ಅಷ್ಟೆ. ಗಾಳಿಯಾಡದ ಕೋಣೆಗೆ ಕಟ್ಟಿಗೆ ತುಂಬಿದರೆ ಗೋಡೆಗೂ ಬೂಸ್ಟು ಹಿಡಿಯುತ್ತದೆ, ಹುಳು ಬಾಗಿಲ ಚೌಕಟ್ಟಿಗೆ ದಾಟುತ್ತದೆ.

ಇನ್ನು ತಗಡಿನ ಮಾಡು. ಕಟ್ಟಿಗೆಗೆ ಬೇಕಾದದ್ದು ಮುಚ್ಚಿಗೆಗಿಂತ ಹೆಚ್ಚಾಗಿ ಗಾಳಿ. ಮೇಲಿಂದ ನೀರು ಬೀಳಬಾರದು, ಕೆಳಗಿಂದ ನೀರು ಏರಬಾರದು, ನಡುವೆ ಗಾಳಿ ಹಾಯಬೇಕು. ಸಹ್ಯಾದ್ರಿಯಲ್ಲಿ ಮಳೆ ಬರುವುದು ಪಶ್ಚಿಮ, ನೈಋತ್ಯದ ಕಡೆಯಿಂದ, ಓರೆಯಾಗಿ ಹೊಡೆಯುತ್ತ. ಹಾಗಾಗಿ ಪೂರ್ವದ ಗೋಡೆಯ ಮಗ್ಗುಲಲ್ಲಿ ಮಾಡು ಇಳಿಸಿದರೆ ಇಡೀ ಮನೆಯೇ ಎರಚಲಿಗೆ ಅಡ್ಡ ನಿಲ್ಲುತ್ತದೆ. ನಮ್ಮ ಪಕ್ಕದವರು ಜಾಗ ಇದೆ ಅಂತ ಪಶ್ಚಿಮಕ್ಕೆ ಹಾಕಿಸಿದ್ದಾರೆ. ಅವರ ಮಾಡು ನಮ್ಮದಕ್ಕಿಂತ ದೊಡ್ಡದು, ಕಟ್ಟಿಗೆ ಮಾತ್ರ ಅರ್ಧಕ್ಕರ್ಧ ಒದ್ದೆ.

ನಮ್ಮದು ಹನ್ನೆರಡು ಅಡಿ ಉದ್ದ, ಐದು ಅಡಿ ಅಗಲ. ಹಂಚಿನ ಸೂರಿನ ಕೆಳಗೆ ಒಂದು ಗೇಣು ಇಳಿಸಿ ಕೂರಿಸಿದ್ದೇವೆ. ಗೋಡೆ ಮತ್ತು ತಗಡು ಸೇರುವ ಸಂದಿಯಲ್ಲಿ ನೀರು ಇಳಿಯುವುದೇ ಇಂಥ ಮಾಡಿನ ದೊಡ್ಡ ಕಾಟ. ಸೂರು ಮುಂದೆ ಚಾಚಿದ್ದರೆ ಆ ಸಂದಿಗೆ ನೀರೇ ಬೀಳುವುದಿಲ್ಲ. ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಸೀಳುತ್ತವೆ, ಮೇ ತಿಂಗಳಲ್ಲಿ ಒಮ್ಮೆ ಏಣಿ ಹತ್ತಿ ನೋಡಬೇಕು. ನಡುವೆ ಒಂದು ಶೀಟು ಪಾರದರ್ಶಕದ್ದು ಹಾಕಿಸಿ, ಬೆಳಕಿಗೆ ಒಳ್ಳೆಯದು. ಮಳೆ ಸದ್ದು ಜಾಸ್ತಿ. ನನಗೆ ಇಷ್ಟ, ಹೆಂಡತಿಗೆ ಇಲ್ಲ.

ಕೆಳಗೆ ಎರಡು ಸಾಲು ಕರಿಕಲ್ಲು, ಅದರ ಮೇಲೆ ಹಳೆಯ ಕಬ್ಬಿಣದ ಪೈಪು ಅಡ್ಡ. ಅದರ ಮೇಲೆ ಕಟ್ಟಿಗೆ. ಬಿದಿರು ಹಾಕಿದರೆ ಗೆದ್ದಲಿಗೆ ಏಣಿ ಕೊಟ್ಟಂತಾಗುತ್ತದೆ. ಗೋಡೆಗೆ ಕಟ್ಟಿಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಮೇಲಿನ ಸಾಲಿನಲ್ಲಿ ತೊಗಟೆ ಮೇಲೆ ಬರಲಿ.

ಖರ್ಚು? ಕಂಬ, ತಗಡು, ಕೂಲಿ ಸೇರಿ ನಮಗೆ ಇಪ್ಪತ್ತೆರಡು ಸಾವಿರ ಹತ್ತಿರ ಆಯಿತು. ಆ ದುಡ್ಡಿಗೆ ಒಳ್ಳೆಯ ದಪ್ಪ ತಾಡಪತ್ರಿ ಐದಾರು ಬರುತ್ತವೆ. ಆದರೆ ಹಾಳಾದ ಕಟ್ಟಿಗೆಯ ಲೆಕ್ಕವನ್ನೂ ಹಿಡಿಯಬೇಕಲ್ಲ. ವಖಾರಿಯಲ್ಲಿ ಕಟ್ಟಿಗೆ ಕೊಡುವುದು ತೂಕದಲ್ಲಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರಿಗೂ ನಾವೇ ದುಡ್ಡು ಕೊಡುತ್ತೇವೆ. ಹಾಗಾಗಿ ಶಿವರಾತ್ರಿ ಕಳೆಯುತ್ತಿದ್ದಂತೆ ತರಿಸಿ, ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿ, ಏಪ್ರಿಲ್, ಮೇ ಬಿಸಿಲಿಗೆ ಹರಡುವುದು ನಮ್ಮ ರೂಢಿ. ಇಡಿ ದಿಮ್ಮಿ ಒಂದು ಬೇಸಗೆಯಲ್ಲಿ ಒಣಗುವುದಿಲ್ಲ, ಸೀಳಿದ್ದು ಒಣಗುತ್ತದೆ. ಸೊಲ್ಲಾಪುರ ಕಡೆಯ ಜಾಲಿ ಸಿಕ್ಕರೆ ಬೇರೆ ಯಾವುದೂ ಬೇಡ, ಕೆಂಡ ಬೆಳಗಿನವರೆಗೆ ನಿಲ್ಲುತ್ತದೆ. ಮಾವು ಬೇಡ. ಮನೆಯ ಬೇಲಿಯ ಗ್ಲಿರಿಸಿಡಿಯಾ ಸವರಿದ್ದು ಹೊತ್ತಿಸಲು ಚೆನ್ನ. ಮರ ಕಡಿಸುವ ಯೋಚನೆ ಇದ್ದರೆ ಮಾತ್ರ ಮೊದಲು ವಿಚಾರಿಸಿ. ಮಹಾರಾಷ್ಟ್ರದಲ್ಲಿ ಮರ ಕಡಿಯುವುದರ ಮೇಲೆ 1964ರ ಕಾಯ್ದೆ ಇದೆ, ಸ್ವಂತ ಜಾಗದ ಮರಕ್ಕೂ ಪರವಾನಗಿ ಬೇಕಾಗುತ್ತದೆ.

ಮರದ ಪುಡಿ ಒತ್ತಿ ಗಟ್ಟಿ ಮಾಡಿದ ಬ್ರಿಕೆಟ್ ಕೂಡ ಚೀಲಗಟ್ಟಲೆ ಸಿಗುತ್ತದೆ. ಬೇಸಗೆಗೆ ಸರಿ. ಮಳೆಗಾಲದ ಮಂಜಿಗೆ ಅದು ಉಬ್ಬಿ ಪುಡಿಯಾಗಿ ಮತ್ತೆ ಮರದ ಪುಡಿಯೇ ಆಗುತ್ತದೆ.

ತಗಡಿನ ಮಾಡಿಗೂ ಒಂದು ಮಿತಿ ಇದೆ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಮೋಡ ಅಂಗಳಕ್ಕೇ ಇಳಿದಿರುತ್ತದೆ. ಗಾಳಿಯಲ್ಲಿ ತೇವ ಶೇಕಡಾ 90 ದಾಟಿದರೆ, ಎಷ್ಟೇ ಒಣಗಿದ ಕಟ್ಟಿಗೆಯೂ ಆ ತೇವ ಹೀರಿಕೊಂಡು ನಿಧಾನವಾಗಿ ಶೇಕಡಾ 20ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಂದು ಹನಿ ಮಳೆ ತಾಗದಿದ್ದರೂ. ಚೆನ್ನಾಗಿ ಉರಿಯಬೇಕಾದರೆ 20ಕ್ಕಿಂತ ಕಡಿಮೆ ಇರಬೇಕು. ಎರಡು ಮುಳ್ಳು ಚುಚ್ಚಿ ತೇವ ನೋಡುವ ಸಣ್ಣ ಮೀಟರ್ ತರಿಸಿಕೊಂಡಿದ್ದೇನೆ. ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಬೇಕು, ಹೊರಮೈಗೆ ಚುಚ್ಚಿದರೆ ಲೆಕ್ಕ ತಪ್ಪುತ್ತದೆ. ಮೇ ಕೊನೆಗೆ 12 ಇದ್ದ ಜಾಲಿ ಆಗಸ್ಟಿನಲ್ಲಿ ತಗಡಿನ ಕೆಳಗೆ 19 ತೋರಿಸಿತು. ತಾಡಪತ್ರಿ ಕೆಳಗಿದ್ದದ್ದು 30 ದಾಟಿತ್ತು.

ಆ 19ನ್ನು ಇಳಿಸುವುದಕ್ಕೇ ಅಟ್ಟ. ಈ ಉಪಾಯ ನನ್ನದಲ್ಲ. ಫೋನಿನಲ್ಲಿ ಅಮ್ಮನ ಹತ್ತಿರ ಹೊಗೆಯ ಕಥೆ ಹೇಳುತ್ತಿದ್ದಾಗ ಅವಳು ಕೇಳಿದ್ದು ಒಂದೇ ಮಾತು: "ಒಲೆ ಮೇಲೆ ಅಟ್ಟ ಇಲ್ವೇನೋ?" ಊರಿನ ಮನೆಯಲ್ಲಿ ಅಡಿಕೆ, ಹಪ್ಪಳ, ಕಟ್ಟಿಗೆ ಎಲ್ಲಕ್ಕೂ ಅಟ್ಟವೇ. ಬಚ್ಚಲ ಒಲೆಯ ಮೇಲೆ, ಬೆಂಕಿಗೆ ತಾಗದಷ್ಟು ಎತ್ತರದಲ್ಲಿ, ಕಬ್ಬಿಣದ ಸರಳುಗಳ ಒಂದು ಹಲಗೆ ಮಾಡಿಸಿದೆವು. ಎರಡು ಮೂರು ದಿನಕ್ಕೆ ಸಾಕಾಗುವಷ್ಟು ಹಿಡಿಯುತ್ತದೆ. ಇಂದು ಉರಿಸಿದಷ್ಟನ್ನು ಮಾಡಿನಿಂದ ತಂದು ಮತ್ತೆ ಅಟ್ಟಕ್ಕೆ ಏರಿಸುವುದು. ಅಲ್ಲಿಂದ ಇಳಿಸಿದ ತುಂಡು ಒಂದಕ್ಕೊಂದು ತಾಗಿಸಿದರೆ ಟಣ್ ಅನ್ನುತ್ತದೆ, ಒಂದು ಹಿಡಿ ತೆಂಗಿನ ಸಿಪ್ಪೆಗೆ ಹೊತ್ತಿಕೊಳ್ಳುತ್ತದೆ. ಬಚ್ಚಲ ಕಿಟಕಿ ತೆರೆದೇ ಇರಲಿ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ.

ಅಟ್ಟವೊಂದೇ ಸಾಕೇ? ವಾರದ ಕೊನೆಗೆ ಮಾತ್ರ ಹೋಗುವವರಿಗೆ ಸಾಕು. ಒಂದು ಬುಟ್ಟಿ ಒಣ ಕಟ್ಟಿಗೆ ಪುಣೆಯಿಂದಲೇ ಡಿಕ್ಕಿಯಲ್ಲಿ ಒಯ್ದರೂ ನಡೆಯುತ್ತದೆ. ನಾವು ಜುಲೈನಲ್ಲಿ ವಾರಗಟ್ಟಲೆ ಅಲ್ಲೇ ಇರುತ್ತೇವೆ, ಅತ್ತೆಗೆ ಎರಡು ಹೊತ್ತೂ ಬಿಸಿನೀರು ಬೇಕು. ನಮಗೆ ಮಾಡು, ಅಟ್ಟ ಎರಡೂ ಬೇಕೇ ಬೇಕು. ಬಾಡಿಗೆ ಮನೆಯಾದರೆ ತಗಡಿಗೆ ಇಪ್ಪತ್ತು ಸಾವಿರ ಹಾಕಿ ಎಂದು ನಾನು ಹೇಳಲಾರೆ. ಅಂಥವರು ಕಾಕಾರ ಮನೆಯ ಪದ್ಧತಿ ನೋಡಬೇಕು.

ಅವರದು ಖರ್ಚಿಲ್ಲದ ದಾರಿ. ಕಟ್ಟಿಗೆಯನ್ನು ಸೂರಿನ ಕೆಳಗೆ, ಗೋಡೆಯುದ್ದಕ್ಕೂ ಪೇರಿಸುತ್ತಾರೆ. ಎರಚಲು ಬರುವ ಕಡೆಗೆ ಕಾರ್ವಿ ಕಡ್ಡಿಯ ತಟ್ಟಿ ಕಟ್ಟುತ್ತಾರೆ. ಕಾರ್ವಿ ಅಂದರೆ ಈ ಬೆಟ್ಟಗಳಲ್ಲಿ ಏಳೆಂಟು ವರ್ಷಕ್ಕೊಮ್ಮೆ ನೇರಳೆ ಹೂ ಬಿಡುವ ಗಿಡ. ಅದರ ಕಡ್ಡಿ ನೆಟ್ಟಗೆ, ಗಟ್ಟಿ. ತಟ್ಟಿ ನೀರು ತಡೆಯುತ್ತದೆ, ಸಂದಿಯಿಂದ ಗಾಳಿ ಬಿಡುತ್ತದೆ. ನಮ್ಮ ಮಲೆನಾಡಿನ ಸೋಗೆ ತಟ್ಟಿಯ ಕೆಲಸವೇ. ಅವರ ಕಟ್ಟಿಗೆಗೂ ಮೀಟರ್ ಚುಚ್ಚಿ ನೋಡಿದೆ, 21 ತೋರಿಸಿತು. ನನ್ನ ತಗಡಿಗೂ ಅದಕ್ಕೂ ಎರಡೇ ಎರಡು ವ್ಯತ್ಯಾಸ. ಆದರೆ ಪ್ರತಿ ಮೇ ತಿಂಗಳು ತಟ್ಟಿ ಹೊಸದಾಗಿ ಕಟ್ಟಬೇಕು. ಅಷ್ಟು ಪುರುಸೊತ್ತು ಇದ್ದವರಿಗೆ, ಕಟ್ಟಲು ಬರುವವರಿಗೆ ಅದೇ ಒಳ್ಳೆಯದು. ಪುಣೆಯಲ್ಲಿ ಕೆಲಸ ಇಟ್ಟುಕೊಂಡ ನನಗೆ ಆಗುವುದಿಲ್ಲ.

ಈ ಬೇಸಗೆಯಲ್ಲಿ ನಮ್ಮ ಮಾಡಿನ ದಕ್ಷಿಣದ ಬದಿಗೆ ಮಾತ್ರ ಒಂದು ಕಾರ್ವಿ ತಟ್ಟಿ ಕಟ್ಟಿಕೊಡಲು ಕಾಕಾ ಒಪ್ಪಿದ್ದಾರೆ. ಆ ಬದಿಯ ಕೊನೆಯ ಸಾಲಿಗೆ ನೈಋತ್ಯದ ಎರಚಲು ಸ್ವಲ್ಪ ತಾಗುತ್ತದೆ. ತಟ್ಟಿ ಕಟ್ಟಿದ ಮೇಲೆ ಆಗಸ್ಟಿನಲ್ಲಿ ಮತ್ತೆ ಮೀಟರ್ ಚುಚ್ಚಿ ನೋಡಬೇಕು.