ರೋಟೊ ಕಲಿಯುವವರಿಗೆ ಯಾವುದು ಸರಿ: ಕೈಗೆಲಸವೋ, ಎಐ ಮಾಸ್ಕೋ? ಐದು ದಾರಿಗಳ ಹೋಲಿಕೆ

ವಿಎಫ್‌ಎಕ್ಸ್ ಸ್ಟುಡಿಯೋಗೆ ಹೊಸಬರು ಒಳಬರುವ ಬಾಗಿಲು ಬಹುಮಟ್ಟಿಗೆ ರೋಟೊ. ನಟರ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಕೂರಿಸಿ, ಹಿನ್ನೆಲೆಯಿಂದ ಬಿಡಿಸಿ, ಪದರಗಳನ್ನು ಒಂದೇ ಚಿತ್ರವಾಗಿ ಜೋಡಿಸುವ ಕಾಂಪೋಸಿಟರ್ ಕೈಗೆ ಮ್ಯಾಟ್, ಅಂದರೆ ಬೇಕಾದ ಭಾಗ ಬಿಳಿ, ಮಿಕ್ಕದ್ದು ಕಪ್ಪಾದ ಮಾಸ್ಕ್, ಕೊಡುವ ಕೆಲಸ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದೇ ಕರ್ನಾಟಕ 2012ರಲ್ಲಿ ಪ್ರತ್ಯೇಕ ನೀತಿ ತಂದಿತು, ಈಗ 2024–29ರ ನೀತಿ ಜಾರಿಯಲ್ಲಿದೆ. ಈ ರಂಗಕ್ಕೆ ಬರಲು ಬೆಂಗಳೂರಿನ ತರಬೇತಿ ಕೇಂದ್ರಗಳನ್ನು ಸೇರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಮೊದಲ ಪಾಠ ರೋಟೊ. ಎಐ ಮೊದಲು ಕೈಹಾಕಿದ್ದೂ ಇದಕ್ಕೇ. ಹಾಗಾಗಿ ಅವರು ಕೇಳುವುದರಲ್ಲಿ ನ್ಯಾಯವಿದೆ: ಇನ್ನೂ ಕೈಯಲ್ಲೇ ಶೇಪ್ (ಅಂಚಿನ ಗೆರೆಯ ಆಕಾರ) ಹಾಕಲು ಕಲಿಯಬೇಕೇ, ಅಥವಾ ನೇರವಾಗಿ ಎಐ ಹಿಡಿಯಬಹುದೇ?

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸ್ಟುಡಿಯೋ ಕೆಲಸ ಬೇಕಿದ್ದರೆ ಕೈಯಿಂದಲೇ ಶುರು ಮಾಡಿ, ಎಐ ಆಮೇಲೆ. ಅದರಲ್ಲೂ ಯಾವ ಎಐ ಎನ್ನುವುದು ಮುಖ್ಯ, ಏಕೆಂದರೆ ಕೆಲವು ಕಲಿಕೆಯನ್ನು ಬೆಳೆಸುತ್ತವೆ, ಕೆಲವು ಕೆಲಸವನ್ನಷ್ಟೇ ಮುಗಿಸುತ್ತವೆ.

ಎಲ್ಲ ದಾರಿಗಳನ್ನೂ ಒಂದೇ ಬಗೆಯ ಮೂರು ಶಾಟ್‌ಗಳ ಮೇಲೆ ನೋಡಿದೆವು. ಗಿಡಮರಗಳ ಮುಂದೆ ನಡೆದುಹೋಗುವ ತಿಳಿ ಅಂಗಿಯ ವ್ಯಕ್ತಿ. ಗಿರಗಿರ ಸುತ್ತಿ ಧೀಂಗಿಣ ಹಾಕುವ ಯಕ್ಷಗಾನ ವೇಷಧಾರಿ. ಸ್ಕೂಟರ್ ಮೇಲೆ ಕೂದಲು ಬಿಟ್ಟು ಕೂತ ಹೆಣ್ಣುಮಗಳು. ಸೆಕೆಂಡಿಗೆ 24 ಫ್ರೇಮ್, ತಲಾ ಐದು ಸೆಕೆಂಡ್, ಅಂದರೆ ಶಾಟಿಗೆ 120 ಫ್ರೇಮ್.

ಕೈಯಲ್ಲಿ ಹಾಕುವ ಶೇಪ್

ಸ್ಟುಡಿಯೋಗಳಲ್ಲಿ ಇದಕ್ಕೆ ಸಿಲ್ಹೌಟ್ ಅಥವಾ ನ್ಯೂಕ್ ತಂತ್ರಾಂಶ. ಮನೆಯಲ್ಲಿ ಕಲಿಯುವವರಿಗೆ ಖರ್ಚೇ ಬೇಡ: ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯ ಫ್ಯೂಷನ್ ಪುಟದಲ್ಲಿ ಪಾಲಿಗನ್ ಮತ್ತು ಬಿ-ಸ್ಪ್ಲೈನ್ ಮಾಸ್ಕ್ ಎರಡೂ ಇವೆ. ಬ್ಲೆಂಡರ್‌ನ ಮೂವಿ ಕ್ಲಿಪ್ ಎಡಿಟರ್‌ನಲ್ಲೂ ಮಾಸ್ಕ್ ಹಾಕಬಹುದು. ನ್ಯೂಕ್‌ನ ನಾನ್-ಕಮರ್ಷಿಯಲ್ ಆವೃತ್ತಿ ಉಚಿತ, 1920×1080ರ ಮಿತಿಯೊಳಗೆ.

ಹೊಸಬರ ಮೊದಲ ಎಡವಟ್ಟು, ಇಡೀ ಮನುಷ್ಯನಿಗೆ ಒಂದೇ ಶೇಪ್ ಹಾಕುವುದು. ಕೈ ಎದೆಯ ಮುಂದೆ ಹಾದರೆ ಆ ಶೇಪ್ ಸಿಕ್ಕುಬೀಳುತ್ತದೆ. ತಲೆ, ಕುತ್ತಿಗೆ, ಮುಂಡ, ಮೇಲ್ತೋಳು, ಮುಂಗೈ, ಅಂಗೈ, ಕಾಲಿನ ಭಾಗಗಳು ಹೀಗೆ ಕೀಲು ಎಲ್ಲಿದೆಯೋ ಅಲ್ಲಿ ಬಿಡಿಸಿ, ಪಕ್ಕದ ಶೇಪ್‌ಗಳು ಒಂದರೊಳಗೊಂದು ಸ್ವಲ್ಪ ನುಸುಳುವಂತೆ ಬಿಡಬೇಕು. ಇಲ್ಲದಿದ್ದರೆ ಮೊಣಕೈ ಮಡಚಿದ ಫ್ರೇಮಿನಲ್ಲಿ ಸೀಳು ಕಾಣಿಸುತ್ತದೆ.

ಪಾಯಿಂಟ್ ಕಡಿಮೆಯಿದ್ದಷ್ಟೂ ಒಳ್ಳೆಯದು. ತಿರುವು ಇರುವಲ್ಲಿ ಮಾತ್ರ ಪಾಯಿಂಟ್. ಮೊಣಕೈ ತುದಿಯಲ್ಲಿಟ್ಟ ಪಾಯಿಂಟ್ ಕೊನೆಯ ಫ್ರೇಮಿನವರೆಗೂ ಮೊಣಕೈ ತುದಿಯಲ್ಲೇ ಇರಬೇಕು. ಅದು ತೋಳಿನ ಉದ್ದಕ್ಕೆ ಜಾರಿದರೆ ಒಂದೊಂದು ಫ್ರೇಮ್ ನಿಲ್ಲಿಸಿ ನೋಡಿದಾಗ ಎಲ್ಲ ಸರಿಯಾಗೇ ಕಾಣುತ್ತದೆ, ಓಡಿಸಿದಾಗ ಅಂಚು ನಡುಗುತ್ತದೆ. ಕ್ಯೂಸಿಯಿಂದ (ಗುಣಮಟ್ಟ ತಪಾಸಣೆಯಿಂದ) ಮರಳಿ ಬರುವ ಶಾಟ್‌ಗಳಲ್ಲಿ ಪದೇ ಪದೇ ಕಾಣುವ ದೋಷ ಇದು.

ಕೀಫ್ರೇಮ್ (ಶೇಪ್‌ನ ಜಾಗವನ್ನು ನಾವೇ ಗೊತ್ತುಮಾಡುವ ಫ್ರೇಮ್) ಹಾಕುವಾಗ 1, 2, 3 ಎಂದು ಸಾಲಾಗಿ ಹೋಗಬಾರದು. ಮೊದಲ ಫ್ರೇಮ್, ಕೊನೆಯ ಫ್ರೇಮ್, ಆಮೇಲೆ ಚಲನೆ ದಿಕ್ಕು ಬದಲಿಸುವ ಫ್ರೇಮ್‌ಗಳು. ನಡೆಯುವವನಾದರೆ ಹೆಜ್ಜೆ ನೆಲ ಮುಟ್ಟಿದ್ದು, ಕಾಲು ಕಾಲನ್ನು ದಾಟಿದ್ದು. ಅವುಗಳ ನಡುವೆ ಶೇಪ್ ತಪ್ಪಿದರೆ ಮಾತ್ರ ಸರಿಯಾಗಿ ಮಧ್ಯಕ್ಕೆ ಇನ್ನೊಂದು. ಶೇಪ್ ಹಾಕುವ ಮೊದಲೇ ಟ್ರ್ಯಾಕ್ ಮಾಡಿ, ಅಂದರೆ ಚಲನೆಯನ್ನು ತಂತ್ರಾಂಶದಿಂದಲೇ ಹಿಂಬಾಲಿಸಿ, ಅದನ್ನು ಪದರಕ್ಕೆ ಕೊಟ್ಟರೆ ಕೀಫ್ರೇಮ್‌ಗಳ ಅಗತ್ಯವೇ ತುಂಬ ಇಳಿಯುತ್ತದೆ.

ಧೀಂಗಿಣದ ಶಾಟ್‌ನಲ್ಲಿ ಕೈಗೆಲಸದ ಬೆಲೆ ತಿಳಿಯಿತು. 180 ಡಿಗ್ರಿ ಶಟರ್ ಎಂದರೆ ಒಂದು ಫ್ರೇಮಿಗೆ ಸೆಕೆಂಡಿನ 48ನೇ ಒಂದು ಭಾಗದಷ್ಟು ಬೆಳಕು ಬಿದ್ದಿರುತ್ತದೆ. ಅಷ್ಟರಲ್ಲೇ ಸುತ್ತುವ ವೇಷದ ಅಂಚು ಅಗಲವಾಗಿ ಮಸುಕಾಗುತ್ತದೆ. ಗೆರೆಯನ್ನು ಮಸುಕಿನ ಹೊರ ಅಂಚಿಗೂ ಅಲ್ಲ, ಒಳ ಅಂಚಿಗೂ ಅಲ್ಲ, ಸರಿಯಾಗಿ ನಡುವೆ ಕೂರಿಸಿ, ಶೇಪ್‌ನ ಮೋಷನ್ ಬ್ಲರ್ ಆನ್ ಮಾಡಿ ಶಟರ್ 180ಕ್ಕೆ ಇಟ್ಟರೆ ಮಸುಕು ಚಲನೆಯಿಂದಲೇ ಹುಟ್ಟಿ ಪ್ಲೇಟಿಗೆ (ಮೂಲ ದೃಶ್ಯಕ್ಕೆ) ಹೊಂದುತ್ತದೆ. ಫೆದರ್ (ಅಂಚಿನ ಮೃದುತನ) ಹಚ್ಚಿ ಈ ಕೆಲಸ ಮಾಡಲು ಹೋದರೆ ವೇಷಧಾರಿ ನಿಂತ ಫ್ರೇಮಿನಲ್ಲೂ ಅಂಚು ಮಸುಕಾಗಿಯೇ ಉಳಿಯುತ್ತದೆ.

ನಿಧಾನ, ನಿಜ. ಹಾರುವ ಕೂದಲಿಗೆ ಶೇಪ್ ಸಾಲುವುದೂ ಇಲ್ಲ; ದಟ್ಟ ಭಾಗಕ್ಕೆ ಶೇಪ್ ಹಾಕಿ, ಎಳೆಗಳಿಗೆ ಲೂಮಾ ಕೀ (ಬೆಳಕಿನ ಅಂತರದಿಂದ ಬಿಡಿಸುವ ವಿಧಾನ) ಅಥವಾ ಪೇಂಟ್ ಬೇಕು. ಆದರೆ ನಾಳೆ ಸೂಪರ್‌ವೈಸರ್ "ಎಡಗೈ ಅಂಚು ಎರಡು ಪಿಕ್ಸೆಲ್ ಒಳಗೆ ತನ್ನಿ" ಎಂದರೆ ತಂದುಕೊಡಬಹುದು. ಈ ಗುಣ ಮುಂದಿನ ಮೂರರಲ್ಲೂ ಇಲ್ಲ.

ರೋಟೊ ಬ್ರಷ್ ಮತ್ತು ಮ್ಯಾಜಿಕ್ ಮಾಸ್ಕ್

ಆಫ್ಟರ್ ಎಫೆಕ್ಟ್ಸ್‌ನ ರೋಟೊ ಬ್ರಷ್ ಹಳೆಯದು, 2010ರಿಂದ ಇದೆ. ಯಂತ್ರಕಲಿಕೆಯ ಎರಡನೇ ಆವೃತ್ತಿ 2020ರಲ್ಲಿ, ಮೂರನೆಯದು 2023ರಲ್ಲಿ ಬಂತು. ಲೇಯರ್ ಪ್ಯಾನೆಲ್‌ನಲ್ಲಿ, ಫುಲ್ ರೆಸಲ್ಯೂಷನ್‌ನಲ್ಲಿ, ವ್ಯಕ್ತಿ ಪೂರ್ತಿ ಕಾಣುವ ಫ್ರೇಮ್ ಆರಿಸಿ ಹಸಿರು ಗೆರೆ ಎಳೆಯಬೇಕು. ಬೇಡದ್ದನ್ನು ಆಲ್ಟ್ ಒತ್ತಿ ಕೆಂಪು ಗೆರೆಯಿಂದ ಕಳೆಯಬೇಕು. ಒಂದು ಫ್ರೇಮಿನ ತಪ್ಪು ಮುಂದಿನ ಫ್ರೇಮ್‌ಗಳಿಗೂ ಹರಿಯುತ್ತದೆ. 60ನೇ ಫ್ರೇಮಿನಲ್ಲಿ ತಪ್ಪು ಕಂಡರೆ ಅಲ್ಲೇ ತಿದ್ದಬೇಡಿ, ಹಿಂದೆ ಹೋಗಿ ಅದು ಎಲ್ಲಿ ಹುಟ್ಟಿತೋ ಅಲ್ಲಿ ತಿದ್ದಿ. ಮುಗಿದ ಮೇಲೆ ಫ್ರೀಜ್ ಮಾಡದಿದ್ದರೆ ಮತ್ತೆ ಲೆಕ್ಕ ಹಾಕುತ್ತ ಕೂರುತ್ತದೆ. ಕೂದಲಿಗೆ ಇದರ ರಿಫೈನ್ ಎಡ್ಜ್ ಚೆನ್ನಾಗಿದೆ. ಸ್ಕೂಟರ್ ಶಾಟ್‌ನ ಕೂದಲೆಳೆಗಳಲ್ಲಿ ಐದರಲ್ಲೂ ಕಡಿಮೆ ಶ್ರಮಕ್ಕೆ ಹೆಚ್ಚು ಸಿಕ್ಕಿದ್ದು ಇಲ್ಲೇ.

ರಿಸಾಲ್ವ್‌ನ ಮ್ಯಾಜಿಕ್ ಮಾಸ್ಕ್‌ಗೆ ಸ್ಟುಡಿಯೋ ಆವೃತ್ತಿ ಬೇಕು. ಅಮೆರಿಕದ ಬೆಲೆ 295 ಡಾಲರ್, ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆಯಿಲ್ಲ. ಕಲರ್ ಪುಟದಲ್ಲಿ ಮೈಮೇಲೆ ಒಂದು ಗೆರೆ ಎಳೆದು ಮುಂದಕ್ಕೂ ಹಿಂದಕ್ಕೂ ಟ್ರ್ಯಾಕ್ ಮಾಡಿದರೆ ಆಯಿತು. ನಡೆಯುವವನ ಶಾಟ್‌ಗೆ ಇದೇ ಎಲ್ಲಕ್ಕಿಂತ ಬೇಗ. ಮುಖಕ್ಕಷ್ಟೇ ಬೆಳಕು ಏರಿಸುವುದು, ಹಿನ್ನೆಲೆಯ ಬಣ್ಣ ತಗ್ಗಿಸುವುದು ಇಂಥ ಗ್ರೇಡಿಂಗ್ ಕೆಲಸಕ್ಕೆ ಈ ಅಂಚು ಧಾರಾಳ ಸಾಕು. ವ್ಯಕ್ತಿಯನ್ನು ಕತ್ತರಿಸಿ ಬೇರೆ ಊರಲ್ಲಿ ನಿಲ್ಲಿಸಬೇಕೆಂದರೆ ಸಾಲದು, ಅಂಚು ಉಸಿರಾಡುವಂತೆ ಹಿಗ್ಗಿ ಕುಗ್ಗುವುದು ಕಣ್ಣಿಗೆ ಬೀಳುತ್ತದೆ.

ಎರಡೂ ಧೀಂಗಿಣದಲ್ಲಿ ಸೋತವು. ಕಾರಣ ಒಂದೇ: ಮಸುಕಿನ ನಡುವೆ ವೇಷ ಎಲ್ಲಿ ಮುಗಿದು ಹಿನ್ನೆಲೆ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಪಿಕ್ಸೆಲ್‌ನಲ್ಲಿ ಉತ್ತರವಿಲ್ಲ, ಹಾಗಾಗಿ ಫ್ರೇಮ್‌ಗೊಂದು ತೀರ್ಮಾನ. ರೋಟೊ ಬ್ರಷ್‌ನಲ್ಲಿ ರಿಡ್ಯೂಸ್ ಚ್ಯಾಟರ್ ಏರಿಸಿದರೆ ನಡುಕ ಇಳಿಯುತ್ತದೆ, ಆದರೆ ಬೆರಳು, ಕಿರೀಟದ ಮೊನೆಗಳೂ ಸವೆದುಹೋಗುತ್ತವೆ.

ಕಿರುಚಿತ್ರ, ರೀಲ್ಸ್, ಮದುವೆ ವಿಡಿಯೋ ಎಡಿಟಿಂಗ್ ಕಲಿಯುವವರಿಗೆ ಮ್ಯಾಜಿಕ್ ಮಾಸ್ಕ್ ಸಾಕು, ನೆಮ್ಮದಿಯಿಂದ ಅಲ್ಲೇ ನಿಲ್ಲಿ.

ಸ್ಯಾಮ್ 2

ಮೆಟಾ 2024ರ ಜುಲೈಯಲ್ಲಿ ಹೊರತಂದ ಮುಕ್ತ ಎಐ ಮಾದರಿ, ಅಪಾಚೆ 2.0 ಪರವಾನಗಿ. ಬೇಕಾದ್ದರ ಮೇಲೆ ಒಂದು ಕ್ಲಿಕ್, ಬೇಡದ್ದರ ಮೇಲೆ ನೆಗೆಟಿವ್ ಕ್ಲಿಕ್. ಹಿಂದಿನ ಫ್ರೇಮ್‌ಗಳ ನೆನಪಿಟ್ಟುಕೊಂಡು ಮುಂದಕ್ಕೆ ಹಿಂಬಾಲಿಸುತ್ತದೆ. ಮರದ ಹಿಂದೆ ಮರೆಯಾಗಿ ಮತ್ತೆ ಬಂದವನನ್ನು ಚೆನ್ನಾಗಿ ಗುರುತು ಹಿಡಿಯುತ್ತದೆ.

ಆದರೆ ಅದು ಕೊಡುವುದು ಕಪ್ಪು-ಬಿಳುಪಿನ ಗಟ್ಟಿ ಮಾಸ್ಕ್. ನಡುವಿನ ಬೂದು ಇಲ್ಲವಾದ್ದರಿಂದ ಕೂದಲೂ ಇಲ್ಲ, ಮಸುಕೂ ಇಲ್ಲ. ಚಿತ್ರವನ್ನು ಒಳಗೆ 1024×1024ಕ್ಕೆ ಇಳಿಸಿಕೊಂಡು ನೋಡುವುದರಿಂದ 4ಕೆ ಪ್ಲೇಟಿನ ತೆಳು ಸಂಗತಿಗಳು, ಅಂದರೆ ಕನ್ನಡಕದ ಕಡ್ಡಿ, ಹೆಲ್ಮೆಟ್ ಪಟ್ಟಿ, ಕರಗಿಹೋಗುತ್ತವೆ. ಗಾರ್ಬೇಜ್ ಮ್ಯಾಟ್‌ಗೆ (ಬೇಡದ ಭಾಗವನ್ನು ಒರಟಾಗಿ ತೆಗೆಯಲು), ಪ್ರೀವಿಸ್‌ಗೆ (ಮುಂಚಿನ ಕರಡು ದೃಶ್ಯಕ್ಕೆ), ಕೈಶೇಪ್ ಹಾಕುವ ಮೊದಲು ನಕ್ಷೆಯಂತೆ ಕೆಳಗಿಟ್ಟುಕೊಳ್ಳಲು ಬಳಸಿ. ನಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ ಎಂಬುದು ಇದರ ದೊಡ್ಡ ಗುಣ. ಬಿಡುಗಡೆಯಾಗದ ಚಿತ್ರದ ಪ್ಲೇಟನ್ನು ಯಾವುದೋ ವೆಬ್ ಸೇವೆಗೆ ಏರಿಸುವುದು ಗೋಪ್ಯತೆಯ ಕರಾರಿಗೆ ವಿರುದ್ಧ. ತರಬೇತಿಯ ಮೊದಲ ವಾರದಲ್ಲೇ ಇದನ್ನು ಹೇಳಿಕೊಡಬೇಕು.

ಕಾಪಿಕ್ಯಾಟ್

2021ರ ನ್ಯೂಕ್ 13ರೊಂದಿಗೆ ಬಂದ ಕಾಪಿಕ್ಯಾಟ್, ನ್ಯೂಕ್‌ನ ಮೇಲ್ದರ್ಜೆಯ ಆವೃತ್ತಿಯಾದ ನ್ಯೂಕ್‌ಎಕ್ಸ್‌ನಲ್ಲಿ ಸಿಗುತ್ತದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಮಿಕ್ಕವು ಎಲ್ಲೋ ಕಲಿತು ಬಂದಿರುತ್ತವೆ; ಇದು ನಿಮ್ಮ ಕೈಯಿಂದ ಕಲಿಯುತ್ತದೆ. 120ರಲ್ಲಿ ಎಂಟು ಹತ್ತು ಫ್ರೇಮ್‌ಗಳಿಗೆ ನೀವೇ ಮ್ಯಾಟ್ ಮಾಡುತ್ತೀರಿ. ಆ ಫ್ರೇಮ್‌ಗಳನ್ನು ಫ್ರೇಮ್‌ಹೋಲ್ಡ್ ನೋಡ್ (ನ್ಯೂಕ್‌ನ ಕೆಲಸದ ಘಟಕ) ಹಾಕಿ ನಿಲ್ಲಿಸಿ, ಅಪೆಂಡ್‌ಕ್ಲಿಪ್‌ನಿಂದ ಜೋಡಿಸಿ ಕಾಪಿಕ್ಯಾಟ್‌ನ ಇನ್‌ಪುಟ್‌ಗೆ. ನಿಮ್ಮ ಮ್ಯಾಟ್‌ಗಳನ್ನು ಅದೇ ಕ್ರಮದಲ್ಲಿ, ಸರಿಯುತ್ತರವಾಗಿ, ಗ್ರೌಂಡ್‌ಟ್ರೂತ್‌ಗೆ. ತರಬೇತಿ ಮುಗಿದಾಗ ಸಿಗುವ ಕ್ಯಾಟ್ ಫೈಲನ್ನು ಇನ್‌ಫರೆನ್ಸ್ ನೋಡ್‌ಗೆ ಕೊಟ್ಟರೆ ಉಳಿದ ಫ್ರೇಮ್‌ಗಳ ಮ್ಯಾಟ್ ಬರುತ್ತದೆ.

ಫ್ರೇಮ್ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಅಕ್ಕಪಕ್ಕದ ಫ್ರೇಮ್‌ಗಳು ಹೊಸದೇನನ್ನೂ ಹೇಳುವುದಿಲ್ಲ. ಅತಿ ಮಸುಕಾದದ್ದು, ಕೈ ಎದೆಗೆ ಅಡ್ಡ ಬಂದದ್ದು, ಬೆಳಕು ಬದಲಾದದ್ದು, ವೇಷಧಾರಿ ಅರ್ಧ ಚೌಕಟ್ಟಿನ ಹೊರಗಿದ್ದದ್ದು ಹೀಗೆ ಒಂದೊಂದೂ ಬೇರೆಯಿರಬೇಕು. ಫಲಿತಾಂಶ ಎಲ್ಲಿ ಕೆಟ್ಟಿದೆಯೋ ಆ ಫ್ರೇಮಿಗೆ ಮ್ಯಾಟ್ ಮಾಡಿ ಸೇರಿಸಿ, ಮತ್ತೆ ತರಬೇತಿ ಓಡಿಸಿ.

ಕಲಿಯುವವರಿಗೆ ನಾವು ಇದನ್ನೇ ಹೆಚ್ಚು ಮೆಚ್ಚಿದ್ದು. ಒಂದು ಫ್ರೇಮಿನಲ್ಲಿ ಗೆರೆ ಮಸುಕಿನ ಒಳಕ್ಕೂ ಇನ್ನೊಂದರಲ್ಲಿ ಹೊರಕ್ಕೂ ಇದ್ದರೆ, ಮಾದರಿ ಎರಡರ ಸರಾಸರಿ ಕಲಿತು ಎಲ್ಲ ಫ್ರೇಮಿನಲ್ಲೂ ಕಲಸಿದ ಅಂಚು ಕೊಡುತ್ತದೆ. ನಿಮ್ಮ ಕೈಯ ಅಸ್ಥಿರತೆ ಹೀಗೆ ಇಡೀ ಶಾಟ್‌ನಲ್ಲಿ ಎದ್ದು ಕಾಣುವಾಗ ತಿದ್ದಿಕೊಳ್ಳಲೇಬೇಕಾಗುತ್ತದೆ. ಧೀಂಗಿಣದಲ್ಲಿ ಕೈಗೆಲಸಕ್ಕೆ ಹತ್ತಿರ ಬಂದದ್ದೂ ಇದೊಂದೇ, ಅದೂ ತರಬೇತಿಯ ಫ್ರೇಮ್‌ಗಳಿಗೆ ಮೋಷನ್ ಬ್ಲರ್ ಸಹಿತ ಶೇಪ್ ಹಾಕಿದ ಮೇಲೆ. ಇನ್ನೊಂದು ಶಾಟ್‌ಗೆ ಅದೇ ಕ್ಯಾಟ್ ಫೈಲ್ ಒಪ್ಪುತ್ತದೆಂದು ಎಣಿಸಬೇಡಿ.

ಯಾವುದೇ ಆದರೂ ಪರೀಕ್ಷೆ ಒಂದೇ

ಆಲ್ಫಾ, ಅಂದರೆ ಮ್ಯಾಟ್‌ನ ಕಪ್ಪು-ಬಿಳುಪು ಚಿತ್ರ, ಮಾತ್ರ ನೋಡಿ, ವ್ಯೂವರ್‌ನ ಗಾಮಾ ಇಳಿಸಿ, ಬಿಳಿಯೊಳಗಿನ ತೂತು ಕಾಣುತ್ತದೆ. ಗಾಮಾ ಏರಿಸಿ, ಕಪ್ಪಿನಲ್ಲಿ ಉಳಿದ ಕಸ ಕಾಣುತ್ತದೆ. ಆಮೇಲೆ ಪ್ಲೇಟಿನಲ್ಲಿಲ್ಲದ ಒಂದು ಗಾಢ ಬಣ್ಣದ ಮೇಲೆ ಕೂರಿಸಿ, ಪೂರ್ತಿ ವೇಗದಲ್ಲಿ ಸುತ್ತು ಸುತ್ತು ಓಡಿಸಿ. ಎಐ ಮ್ಯಾಟ್‌ಗಳು ನಿಂತ ಫ್ರೇಮಿನಲ್ಲಿ ಪಾಸಾಗಿ ಓಟದಲ್ಲಿ ಬೀಳುವುದೇ ಹೆಚ್ಚು.

ಶೋರೀಲ್‌ಗೆ ಒಂದೊಂದು ಶಾಟನ್ನೂ ಮೂಲ ಪ್ಲೇಟ್, ಶೇಪ್‌ಗಳ ವೈರ್‌ಫ್ರೇಮ್, ಆಲ್ಫಾ, ಬಣ್ಣದ ಮೇಲಿನ ಮ್ಯಾಟ್ ಈ ಕ್ರಮದಲ್ಲಿ ತೋರಿಸಿ. ಎಐ ಬಳಸಿದಲ್ಲಿ ಯಾವುದನ್ನು ಬಳಸಿದಿರಿ, ಯಾವ ಫ್ರೇಮ್‌ಗಳನ್ನು ಕೈಯಲ್ಲಿ ತಿದ್ದಿದಿರಿ ಎಂದು ಮೂಲೆಯಲ್ಲಿ ಬರೆದಿಡಿ. ವೈರ್‌ಫ್ರೇಮ್ ಇಲ್ಲದ ರೀಲ್ ನೋಡಿ ನಿಮ್ಮ ಕೈ ಎಷ್ಟು ಪಳಗಿದೆ ಎಂದು ಅಳೆಯಲು ತಂಡದ ಲೀಡ್‌ಗೆ ದಾರಿಯಿಲ್ಲ.