ನಕ್ಷೆಗೆ ಮುಂಚಿನ ನಿವೇಶನ ಸರ್ವೆ: ಟೇಪ್, ಟೋಟಲ್ ಸ್ಟೇಷನ್, ಆರ್‌ಟಿಕೆ, ಡ್ರೋನ್ – ಯಾವುದನ್ನು ಯಾವಾಗ ನಂಬಬಹುದು?

ಆರ್ಕಿಟೆಕ್ಟ್ ಮೊದಲ ಗೆರೆ ಎಳೆಯುವ ಮುನ್ನ ಕೇಳುವ ನಿವೇಶನ ಸರ್ವೆಯನ್ನು ಈಗ ನಾಲ್ಕು ಬಗೆಯಲ್ಲಿ ಮಾಡಿಕೊಡುತ್ತಾರೆ: ಟೇಪ್ ಜೊತೆ ಆಟೋ ಲೆವೆಲ್ (ನೆಲದ ಮಟ್ಟ ನೋಡುವ ದುರ್ಬೀನು ಯಂತ್ರ), ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ), ಆರ್‌ಟಿಕೆ ಜಿಪಿಎಸ್ (ಸ್ಥಿರ ಕೇಂದ್ರದಿಂದ ಬರುವ ತಿದ್ದುಪಡಿಯಿಂದ ನಿಖರವಾಗುವ ಉಪಗ್ರಹ ಅಳತೆ), ಮತ್ತೆ ಡ್ರೋನ್. ಕೈಗೆ ಬರುವ ಫೈಲನ್ನು ನಂಬಿ ಕಟ್ಟಡದ ಮೂಲೆಯನ್ನೂ ನೆಲಮಟ್ಟವನ್ನೂ ಗೊತ್ತುಮಾಡಬಹುದೇ ಎಂಬ ಒಂದೇ ಪ್ರಶ್ನೆಯಿಂದ ಈ ನಾಲ್ಕನ್ನೂ ಇಲ್ಲಿ ನೋಡಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಸುತ್ತ ಗೋಡೆ, ಮರ, ಪಕ್ಕದ ಕಟ್ಟಡಗಳಿರುವ ನಿವೇಶನಕ್ಕೆ ಟೋಟಲ್ ಸ್ಟೇಷನ್ ತೆಗೆದುಕೊಳ್ಳಿ, ಮಟ್ಟಗಳನ್ನು ಆಟೋ ಲೆವೆಲ್‌ನಲ್ಲಿ ಇನ್ನೊಮ್ಮೆ ತಾಳೆ ನೋಡಿಸಿ. ಬಯಲು ಜಾಗಕ್ಕೆ ಆರ್‌ಟಿಕೆ ಆದೀತು. ಡ್ರೋನ್ ದೊಡ್ಡ ಜಮೀನಿಗೆ, ಅದೂ ನೆಲ ಬೋಳಾಗಿದ್ದರೆ. ಮೊಬೈಲ್ ಆ್ಯಪ್‌ನ ಮಾತೇ ಬೇಡ. ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ.

ಟೇಪ್ ಸರ್ವೆಯಿಂದಲೇ ಶುರುಮಾಡೋಣ, ಹೆಚ್ಚು ಜನ ಮೋಸಹೋಗುವುದು ಅಲ್ಲೇ. ನಾಲ್ಕು ಬದಿ ಅಳೆದು ಚೌಕಟ್ಟು ಬರೆದು ಕೊಟ್ಟುಬಿಡುತ್ತಾರೆ. ನಾಲ್ಕು ಬದಿಯ ಅಳತೆ ಗೊತ್ತಿದ್ದ ಮಾತ್ರಕ್ಕೆ ಚತುರ್ಭುಜದ ಆಕಾರ ಗೊತ್ತಾಗುವುದಿಲ್ಲ, ಕರ್ಣವೊಂದಾದರೂ ಬೇಕು. 12 ಮೀಟರ್‌ಗೆ 18 ಮೀಟರ್ ನಿವೇಶನವನ್ನೇ ನೋಡಿ. ಮೂಲೆಗಳು ನೇರ 90 ಡಿಗ್ರಿ ಇದ್ದರೆ ಎರಡೂ ಕರ್ಣ 21.63 ಮೀಟರ್ ಬರಬೇಕು. ಮೂಲೆ 88 ಡಿಗ್ರಿಗೆ ವಾಲಿದ್ದರೆ ಬದಿಗಳೆಲ್ಲ ಅಷ್ಟೇ ಇರುತ್ತವೆ, ಆದರೆ ಒಂದು ಕರ್ಣ 21.98, ಇನ್ನೊಂದು 21.28 ಆಗುತ್ತದೆ. ವಿಸ್ತೀರ್ಣ 216 ಚದರ ಮೀಟರ್ ಇದ್ದದ್ದು 215.87ಕ್ಕೆ ಇಳಿಯುತ್ತದೆ, ಅಷ್ಟೇ. ಅದನ್ನು ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಮುಂದಿನ ಗಡಿಯಿಂದ ಹಿಂದಿನ ಗಡಿಗೆ ಹೋಗುವಷ್ಟರಲ್ಲಿ ಪಕ್ಕದ ಗಡಿ ಮಾತ್ರ 63 ಸೆಂ.ಮೀ. ಸರಿದಿರುತ್ತದೆ. ಆಯತಾಕಾರದ ಕಟ್ಟಡವನ್ನು ಅಂಚಿಗೆ ಬಿಗಿಯಾಗಿ ಕೂರಿಸಿದ್ದರೆ ಹಿಂದಿನ ಮೂಲೆಯಲ್ಲಿ ಬಿಡಬೇಕಾದ ಜಾಗ ಅಷ್ಟು ಕಡಿಮೆಯಾಯಿತು ಎಂದೇ ಲೆಕ್ಕ, ಮತ್ತು ಅದು ಗೊತ್ತಾಗುವುದು ನೆಲದ ಮೇಲೆ ಕಟ್ಟಡದ ಗೆರೆ ಹಾಕುವ ಮಾರ್ಕಿಂಗ್ ದಿನ.

ಆದ್ದರಿಂದ ಟೇಪ್ ಸರ್ವೆಯಲ್ಲಿ ಎರಡೂ ಕರ್ಣ ಬರೆದಿಲ್ಲದಿದ್ದರೆ ಒಪ್ಪಿಕೊಳ್ಳಬೇಡಿ. ಒಂದು ಕರ್ಣ ಆಕಾರ ಕೊಡುತ್ತದೆ, ಎರಡನೆಯದು ಮೊದಲ ಐದು ಅಳತೆ ಸರಿಯೇ ಎಂದು ತೋರಿಸುತ್ತದೆ. ನಿವೇಶನದ ನಡುವೆ ಹಳೇ ಕಟ್ಟಡ ನಿಂತು ಕರ್ಣ ಹಿಡಿಯಲಾಗದಿದ್ದರೆ ಅದು ಟೇಪಿನ ಕೆಲಸವೇ ಅಲ್ಲ. ಬಿಸಿಲು ಕೂಡ ಲೆಕ್ಕಕ್ಕೆ ಬರುತ್ತದೆ: 30 ಮೀಟರ್ ಉಕ್ಕಿನ ಟೇಪ್ 20 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಬಟ್ಟೆಯ ಟೇಪ್ ಎಳೆದಷ್ಟು ಹಿಗ್ಗುತ್ತದೆ, ಅದನ್ನು ತಂದವರನ್ನು ವಾಪಸ್ ಕಳಿಸಬಹುದು.

ಟೋಟಲ್ ಸ್ಟೇಷನ್‌ಗೆ ಈ ತಾಪತ್ರಯಗಳಿಲ್ಲ. ಕೋನವನ್ನೂ ದೂರವನ್ನೂ ಒಟ್ಟಿಗೆ ಅಳೆಯುವುದರಿಂದ ಒಂದೆರಡು ಕಡೆ ನಿಂತರೆ ಇಡೀ ನಿವೇಶನ ಮುಗಿಯುತ್ತದೆ. ಬಾಡಿಗೆಗೆ ಸಿಗುವ ಸಾಧಾರಣ 5 ಸೆಕೆಂಡಿನ ಯಂತ್ರ (ಸೆಕೆಂಡ್ ಎಂದರೆ ಇಲ್ಲಿ ಕೋನದ ಅಳತೆ, ಡಿಗ್ರಿಯ 3600ನೇ ಒಂದು ಭಾಗ) ಕೂಡ 100 ಮೀಟರ್ ದೂರದಲ್ಲಿ ಕೋನದಿಂದ ತಪ್ಪುವುದು ಎರಡೂವರೆ ಮಿ.ಮೀ. ಮಾತ್ರ, ದೂರದ ಅಳತೆಯಲ್ಲೂ ಎರಡು ಮೂರು ಮಿ.ಮೀ. ಮೀರುವುದಿಲ್ಲ. ಕಟ್ಟಡದ ನಕ್ಷೆಗೆ ಇದು ಬೇಕಾದ್ದಕ್ಕಿಂತ ಹೆಚ್ಚೇ. ಒಂದು ಸೆಕೆಂಡಿನ ಯಂತ್ರವಿದೆ ಎಂದು ಹೆಚ್ಚು ಹಣ ಕೇಳುವವರಿಗೆ ಕೊಡುವ ಅಗತ್ಯವಿಲ್ಲ.

ಕೆಡುವುದು ಬೇರೆ ಕಡೆ. ಅಳೆಯುವ ಬಿಂದುವಿನ ಮೇಲೆ ಹಿಡಿದು ಯಂತ್ರದ ಕಿರಣವನ್ನು ಹಿಂದಕ್ಕೆ ಕಳಿಸುವ ಪ್ರಿಸಂಗೊಂದು ಸ್ಥಿರಾಂಕವಿದೆ (ದೂರಕ್ಕೆ ಸೇರಿಸಬೇಕಾದ ತಿದ್ದುಪಡಿ), ಸಾಮಾನ್ಯವಾಗಿ ಸೊನ್ನೆ ಅಥವಾ ಮೈನಸ್ 30 ಮಿ.ಮೀ. ಪ್ರಿಸಂ ಬದಲಾಯಿಸಿ ಯಂತ್ರದ ಸೆಟ್ಟಿಂಗ್ ಬದಲಾಯಿಸದಿದ್ದರೆ ಪ್ರತಿಯೊಂದು ದೂರವೂ 3 ಸೆಂ.ಮೀ. ತಪ್ಪು. ಎಲ್ಲವೂ ಒಂದೇ ರೀತಿ ತಪ್ಪುವುದರಿಂದ ನಕ್ಷೆ ನೋಡಲು ಚೆನ್ನಾಗಿಯೇ ಇರುತ್ತದೆ! ತಾಳೆ ನೋಡುವುದು ಸುಲಭ: ಯಂತ್ರವನ್ನು ಎರಡು ಬಿಂದುಗಳ ನಡುವೆ, ಅದೇ ಗೆರೆಯ ಮೇಲೆ ನಿಲ್ಲಿಸಿ ಎರಡೂ ದೂರ ಕೂಡಿಸಿ, ಆಮೇಲೆ ಒಂದು ಬಿಂದುವಿನ ಮೇಲೆ ನಿಲ್ಲಿಸಿ ಪೂರ್ತಿ ದೂರ ಅಳೆಯಬೇಕು. ಸ್ಥಿರಾಂಕ ತಪ್ಪಿದ್ದರೆ ಎರಡೂ ಕೂಡುವುದಿಲ್ಲ. ಪ್ರಿಸಂ ಇಲ್ಲದೆ ಲೇಸರಿನಲ್ಲೇ ಗೋಡೆ ಮೂಲೆ ಹೊಡೆಯುವುದು ಇನ್ನೊಂದು ರೂಢಿ. ಕಿರಣ ಅರ್ಧ ಮೂಲೆಗೂ ಅರ್ಧ ಹಿಂದಿನ ಗೋಡೆಗೂ ಬಿದ್ದರೆ ಬರುವ ದೂರ ಎರಡರದ್ದೂ ಅಲ್ಲ. ಒದ್ದೆಯಾದ ಕಪ್ಪು ಮೇಲ್ಮೈಯಿಂದ ಕೆಲವೊಮ್ಮೆ ಉತ್ತರವೇ ಬರುವುದಿಲ್ಲ.

ಕೆಲಸ ಮುಗಿಸುವ ಮುನ್ನ ಮೊದಲ ಹಿನ್ನೋಟದ ಬಿಂದುವನ್ನು (ದಿಕ್ಕು ಗೊತ್ತುಮಾಡಲು ಆರಂಭದಲ್ಲಿ ನೋಡಿದ ಗುರುತು) ಮತ್ತೆ ನೋಡಿದ ದಾಖಲೆ ಫೈಲಿನಲ್ಲಿ ಇದೆಯೇ ಎಂದು ಕೇಳಿ. ಮಧ್ಯಾಹ್ನದ ಬಿಸಿಲಿಗೆ ಟ್ರೈಪಾಡ್ ತಿರುಚಿದ್ದರೆ, ಯಾರದೋ ಕಾಲು ತಗುಲಿದ್ದರೆ ಅಲ್ಲಿ ಗೊತ್ತಾಗುತ್ತದೆ. ಈ ಒಂದು ಪ್ರಶ್ನೆಗೆ ಸರ್ವೇಯರ್ ಕೊಡುವ ಉತ್ತರದಿಂದಲೇ ಅವರ ಕೆಲಸದ ಅಂದಾಜು ಸಿಗುತ್ತದೆ.

ಆರ್‌ಟಿಕೆ ರೋವರ್ (ಕೈಯಲ್ಲಿ ಹಿಡಿದು ಓಡಾಡುವ ರಿಸೀವರ್) ಬೇಗ ಮುಗಿಸುತ್ತದೆ, ಒಬ್ಬರೇ ಓಡಾಡಿ ಅಳೆಯಬಹುದು. ಕಂಪನಿಗಳು ಹೇಳುವ ನಿಖರತೆ ಅಡ್ಡಕ್ಕೆ 8 ಮಿ.ಮೀ., ಎತ್ತರಕ್ಕೆ 15 ಮಿ.ಮೀ. ಆಸುಪಾಸು, ಬಯಲಲ್ಲಿ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಗೋಡೆಯ ಪಕ್ಕ, ಮರದ ಕೆಳಗೆ ಸಿಗುವುದಿಲ್ಲ, ಸಂಕೇತ ಗೋಡೆಗೆ ಬಡಿದು ಬರುವುದರಿಂದ ಪರದೆಯ ಮೇಲೆ ಫಿಕ್ಸ್ (ಜಾಗ ಖಚಿತವಾಯಿತು) ಎಂದು ತೋರಿಸುತ್ತಲೇ ತಪ್ಪು ಜಾಗ ಕೊಡಬಹುದು. ನಿವೇಶನದ ಮೂಲೆಗಲ್ಲುಗಳು ಇರುವುದೇ ಗೋಡೆಯ ಬುಡದಲ್ಲಿ! ಮುಖ್ಯ ಬಿಂದುಗಳನ್ನು ಅರ್ಧ ಗಂಟೆ ಬಿಟ್ಟು, ಸಂಪರ್ಕ ಕಡಿದು ಮತ್ತೆ ಫಿಕ್ಸ್ ಮಾಡಿಸಿ ಎರಡನೇ ಸಲ ಅಳೆಯಬೇಕು. ಎತ್ತರ ಯಾವುದು ಎಂದೂ ಕೇಳಬೇಕು. ಉಪಗ್ರಹ ಕೊಡುವುದು ದೀರ್ಘವೃತ್ತಗೋಳದ (ಲೆಕ್ಕಕ್ಕಾಗಿ ಭೂಮಿಗೆ ಕಲ್ಪಿಸಿದ ನುಣುಪಾದ ಆಕಾರ) ಮೇಲಿನ ಎತ್ತರ. ಸಮುದ್ರಮಟ್ಟದ ಎತ್ತರಕ್ಕೂ ಅದಕ್ಕೂ ಜಾಗದಿಂದ ಜಾಗಕ್ಕೆ ಹತ್ತಾರು ಮೀಟರ್ ವ್ಯತ್ಯಾಸ. ನಿವೇಶನದೊಳಗೆ ಎಲ್ಲಕ್ಕೂ ಒಂದೇ ಬಗೆ ಇದ್ದರೆ ತೊಂದರೆಯಿಲ್ಲ, ಹಳೇ ನಕ್ಷೆಯ ಚರಂಡಿ ಮಟ್ಟಗಳ ಜೊತೆ ಬೆರೆಸಿದರೆ ತೊಂದರೆ.

ಇದಕ್ಕಿಂತ ನವಿರಾದ ತಪ್ಪು ಇನ್ನೊಂದಿದೆ. ಆರ್‌ಟಿಕೆ ಫೈಲು ಬಹಳ ಸಲ ಯುಟಿಎಂ (ಭೂಮಿಯ ದುಂಡು ಮೈಯನ್ನು ಪಟ್ಟಿಪಟ್ಟಿಯಾಗಿ ಚಪ್ಪಟೆ ಮಾಡಿ ಬರೆಯುವ ಪದ್ಧತಿ) ನಿರ್ದೇಶಾಂಕದಲ್ಲಿ ಬರುತ್ತದೆ. ಆ ಪದ್ಧತಿಯ ಮಧ್ಯರೇಖಾಂಶದ ಮೇಲೆ ಅಳತೆಯ ಗುಣಕ 0.9996. ನೆಲದ ಮೇಲೆ 100 ಮೀಟರ್ ಇರುವ ಗಡಿ ನಕ್ಷೆ ಬರೆಯುವ ಸಾಫ್ಟ್‌ವೇರಾದ ಕ್ಯಾಡ್‌ನಲ್ಲಿ 99.96 ಎಂದು ಕಾಣುತ್ತದೆ, 4 ಸೆಂ.ಮೀ. ಕಡಿಮೆ. ಜಾಗ ಸಮುದ್ರಮಟ್ಟಕ್ಕಿಂತ 1000 ಮೀಟರ್ ಮೇಲಿದ್ದರೆ ಅದಕ್ಕೆ ಇನ್ನೂ ಒಂದೂವರೆ ಸೆಂ.ಮೀ. ಸೇರಿಸಿ. ಆರ್ಕಿಟೆಕ್ಟ್ ಆ ಗೆರೆ ಹಿಡಿದು ಆಯಾಮ ಬರೆಯುತ್ತಾರೆ, ಮೇಸ್ತ್ರಿ ಟೇಪ್ ಹಿಡಿದು ಮಾರ್ಕ್ ಮಾಡುತ್ತಾರೆ, ಎರಡೂ ಕೂಡುವುದಿಲ್ಲ. ನೆಲದ ದೂರಕ್ಕೆ ಪರಿವರ್ತಿಸಿ, ನಿವೇಶನದ ಹತ್ತಿರವೇ ಮೂಲಬಿಂದು ಇಟ್ಟು, ಎಷ್ಟು ಸರಿಸಿದ್ದೇವೆ ಎಂದು ಫೈಲಿನಲ್ಲೇ ಬರೆದುಕೊಡಲು ಹೇಳಿ. ಮೂಲಬಿಂದು ಹತ್ತಿರವಿಲ್ಲದಿದ್ದರೆ ಲಕ್ಷಗಟ್ಟಲೆ ಮೀಟರಿನ ಅಂಕಿಗಳಿಂದ ತ್ರೀಡಿ ಮಾಡೆಲ್‌ನಲ್ಲಿ ಗೆರೆಗಳು ನಡುಗುವುದೂ ಉಂಟು.

ಡ್ರೋನ್ ಬಗ್ಗೆ ಚಿಕ್ಕದಾಗಿ: ಒಂದಿಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್ ಕ್ಯಾಮೆರಾ 60 ಮೀಟರ್ ಎತ್ತರದಿಂದ ತೆಗೆದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 1.6 ಸೆಂ.ಮೀ.ಗೆ ಸಮ. ಎತ್ತರದ ತಪ್ಪು ಅದರ ಎರಡು ಮೂರು ಪಟ್ಟು ಆಗಬಹುದು, ಅದೂ ನೆಲದ ಮೇಲೆ ಅಳೆದ ಗುರುತುಗಳು ಐದಾದರೂ ಇದ್ದರೆ. ಹುಲ್ಲು ಮೊಣಕಾಲುದ್ದ ಬೆಳೆದಿದ್ದರೆ ಅದು ಅಳೆಯುವುದು ಹುಲ್ಲಿನ ತುದಿಯನ್ನು. ಚಿತ್ರ ಮಾತ್ರ ಬಹಳ ಚೆನ್ನಾಗಿ ಬರುತ್ತದೆ, ಪಕ್ಕದವರ ಚಾವಣಿ, ಮರದ ಹರವು ಎಲ್ಲ ಒಂದೇ ಕಡೆ ಸಿಗುತ್ತದೆ. ಪೂರಕವಾಗಿ ಕೊಳ್ಳಿ, ಇದೊಂದನ್ನೇ ಅಲ್ಲ.

ಇನ್ನು ಮಟ್ಟ. ನಾಲ್ಕೂ ಸೇವೆಗಳ ಅಸಲಿ ಪರೀಕ್ಷೆ ಇಲ್ಲಿದೆ. ಅಡ್ಡ ಅಳತೆಯಲ್ಲಿ ಎರಡು ಸೆಂ.ಮೀ. ತಪ್ಪಿದರೆ ಬಹುತೇಕ ಕಡೆ ಸರಿಪಡಿಸಿಕೊಳ್ಳಬಹುದು, ಮಟ್ಟ ತಪ್ಪಿದರೆ ನೀರು ಹಿಂದಕ್ಕೆ ಹರಿಯುತ್ತದೆ. ಆಟೋ ಲೆವೆಲ್ ತಂದಾಗ ಮೊದಲು ಎರಡು ಗೂಟದ ಪರೀಕ್ಷೆ ಮಾಡಿಸಿ. 50 ಮೀಟರ್ ಅಂತರದಲ್ಲಿ ಎರಡು ಗೂಟ, ಸರಿಯಾಗಿ ನಡುವೆ ಯಂತ್ರ ಇಟ್ಟು ಎರಡರ ಮೇಲೂ ಸ್ಟಾಫ್ (ಅಳತೆಯ ಗೆರೆಗಳಿರುವ ಉದ್ದ ಕೋಲು) ಓದಿದರೆ ಬರುವ ವ್ಯತ್ಯಾಸ ನಿಜವಾದದ್ದು, ಯಂತ್ರದ ದೋಷ ಎರಡೂ ಕಡೆ ಸಮವಾಗಿ ಬಿದ್ದು ಕಳೆದುಹೋಗುತ್ತದೆ. ಆಮೇಲೆ ಯಂತ್ರವನ್ನು ಒಂದು ಗೂಟದ ಪಕ್ಕಕ್ಕೆ ತಂದು ಮತ್ತೆ ಓದಬೇಕು. ಎರಡು ವ್ಯತ್ಯಾಸಗಳ ನಡುವೆ ಮೂರು ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಯಂತ್ರ ಸರಿಮಾಡಿಸಿಯೇ ತರಲಿ. ಸುತ್ತುಹಾಕಿ ಮೊದಲ ಬಿಂದುವಿಗೆ ಬಂದಾಗ ಉಳಿಯುವ ತಪ್ಪಿಗೆ ಚಾಲ್ತಿಯಲ್ಲಿರುವ ಮಿತಿ, ಕಿಲೋಮೀಟರಿನಲ್ಲಿ ದೂರದ ವರ್ಗಮೂಲವನ್ನು 12ರಿಂದ ಗುಣಿಸಿದಷ್ಟು ಮಿ.ಮೀ. 250 ಮೀಟರ್ ಸುತ್ತಿಗೆ 6 ಮಿ.ಮೀ.

ಬೆಂಚ್ ಮಾರ್ಕ್, ಅಂದರೆ ಉಳಿದ ಮಟ್ಟಗಳಿಗೆಲ್ಲ ಆಧಾರವಾಗುವ ಸ್ಥಿರ ಗುರುತು, ಕನಿಷ್ಠ ಎರಡು ಇರಲಿ, ಮೂರಿದ್ದರೆ ಇನ್ನೂ ಒಳ್ಳೆಯದು. ಎರಡರಲ್ಲಿ ಒಂದು ಅಲುಗಿದರೆ ಯಾವುದು ಎಂದು ಗೊತ್ತಾಗುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳ, ಮರದ ಬೇರು, ನಾಳೆ ಕೆಡವುವ ಕಾಂಪೌಂಡ್ ಗೋಡೆ ಇವುಗಳ ಮೇಲೆ ಬಣ್ಣ ಬಳಿದು ಹೋಗುವವರು ಬಹಳ. ರಸ್ತೆಯ ನಡುಭಾಗದ ಮಟ್ಟ ಬೇಕು, ಆದರೆ ಬೆಂಚ್ ಮಾರ್ಕ್ ಆಗಿ ಅಲ್ಲ. ಮರುಡಾಂಬರು ಹಾಕಿದಾಗ ಅದು ಏರುತ್ತದೆ.

ಒಳಚರಂಡಿ ಮ್ಯಾನ್‌ಹೋಲ್‌ನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನ ಸರ್ವೆಗಳಲ್ಲಿ ಮುಚ್ಚಳದ ಮಟ್ಟವಷ್ಟೇ ಇರುತ್ತದೆ. ಆರ್ಕಿಟೆಕ್ಟ್‌ಗೆ ಬೇಕಾದದ್ದು ಒಳಗಿನ ಕೊಳವೆಯ ತಳಮಟ್ಟ, ಅಂದರೆ ಇನ್ವರ್ಟ್. ಮುಚ್ಚಳ 100.00, ಆಳ 0.90 ಮೀಟರ್ ಎಂದುಕೊಳ್ಳಿ, ತಳ 99.10. ಮನೆಯ ಕೊಳವೆ ಅದಕ್ಕಿಂತ 15 ಸೆಂ.ಮೀ. ಮೇಲೆ ಸೇರಲಿ: 99.25. ದೂರದ ಶೌಚಾಲಯ 30 ಮೀಟರ್ ಆಚೆ, ಇಳಿಜಾರು 60ಕ್ಕೆ 1 ಇಟ್ಟರೆ ಅರ್ಧ ಮೀಟರ್ ಏರಬೇಕು: 99.75. ಕೊಳವೆಯ ತಳದಿಂದ ನೆಲಹಾಸಿನವರೆಗೆ 60 ಸೆಂ.ಮೀ. ಬಿಟ್ಟರೆ ನೆಲಮಟ್ಟ 100.35ಕ್ಕಿಂತ ಕೆಳಗೆ ಬರುವಂತಿಲ್ಲ. ಆಳ ಅಳೆಯದೆ ಒಂದೂವರೆ ಮೀಟರ್ ಇದ್ದೀತು ಎಂದು ಅಂದಾಜು ಮಾಡಿದವರಿಗೆ ಅದೇ ಲೆಕ್ಕ 99.75 ಕೊಡುತ್ತದೆ. ವ್ಯತ್ಯಾಸ 60 ಸೆಂ.ಮೀ., ಅಂದರೆ 15 ಸೆಂ.ಮೀ.ನ ನಾಲ್ಕು ಮೆಟ್ಟಿಲು. ರ‍್ಯಾಂಪ್, ಗೇಟು, ಪಾರ್ಕಿಂಗಿನ ತಲೆಯೆತ್ತರ ಎಲ್ಲವೂ ಬದಲಾಗುತ್ತವೆ. ಮುಚ್ಚಳ ಎತ್ತಿಸಿ, ಸ್ಟಾಫ್ ಇಳಿಸಿ, ಕೊಳವೆಯ ವ್ಯಾಸವನ್ನೂ ಹರಿವಿನ ದಿಕ್ಕನ್ನೂ ಬರೆಸಿಕೊಳ್ಳಿ. ಒಳಗಿನ ವಿಷಾನಿಲ ಜೀವ ತೆಗೆಯಬಲ್ಲದು, ಆದ್ದರಿಂದ ಅಳತೆ ಮೇಲಿಂದಲೇ ಆಗಬೇಕು, ಯಾರನ್ನೂ ಒಳಗಿಳಿಸಬಾರದು.

ನೆಲದ ಏರುತಗ್ಗಿಗೆ ಚೌಕಳಿ ಹಾಕಿ ಮಟ್ಟ ತೆಗೆಯುತ್ತಾರೆ: ಚಿಕ್ಕ ನಿವೇಶನಕ್ಕೆ 3 ರಿಂದ 5 ಮೀಟರ್, ದೊಡ್ಡದಕ್ಕೆ 10. ಚೌಕಳಿಯೊಂದೇ ಸಾಲದು. 5 ಮೀಟರ್ ಚೌಕಳಿಯ ಎರಡು ಬಿಂದುಗಳ ನಡುವೆ 1.2 ಮೀಟರ್ ಎತ್ತರದ ತಡೆಗೋಡೆ ಇದ್ದರೆ ಸಾಫ್ಟ್‌ವೇರ್ ಅದನ್ನು 5 ಮೀಟರ್ ಉದ್ದದ ಇಳಿಜಾರಾಗಿ ಮಾಡಿಬಿಡುತ್ತದೆ. ಗೋಡೆಯ ಪ್ರತಿ ಮೀಟರಿಗೆ 3 ಘನ ಮೀಟರ್‌ವರೆಗೆ ಮಣ್ಣಿನ ಲೆಕ್ಕ ತಪ್ಪಬಹುದು. 20 ಮೀಟರ್ ಗೋಡೆಗೆ 60. ಇಳಿಜಾರು ಮುರಿಯುವ ಪ್ರತಿ ಅಂಚಿನ ಮೇಲೂ ಕೆಳಗೂ ಬಿಂದು ತೆಗೆದು, ಅವನ್ನು ಬ್ರೇಕ್‌ಲೈನ್ ಆಗಿ ಜೋಡಿಸಿಯೇ ಕಾಂಟೂರ್ (ಸಮ ಎತ್ತರದ ಗೆರೆ) ಬರೆಸಬೇಕು. ಗಡಿಯಾಚೆಗೂ ಒಂದೈದು ಮೀಟರ್ ಅಳೆಯಲಿ, ಮಳೆನೀರು ಪಕ್ಕದಿಂದ ಬರುತ್ತದೋ ಪಕ್ಕಕ್ಕೆ ಹೋಗುತ್ತದೋ ಒಳಗಿನ ಬಿಂದುಗಳಿಂದ ತಿಳಿಯುವುದಿಲ್ಲ.

ಮರಗಳಿಗೆ ಬರೀ ವೃತ್ತ ಬರೆದು ಬಿಡುವುದು ಸಾಮಾನ್ಯ. ಕಾಂಡದ ವ್ಯಾಸ, ನಾಲ್ಕು ದಿಕ್ಕಿಗೆ ಕೊಂಬೆಗಳ ಹರವು, ಬುಡದ ಮಟ್ಟ ಮೂರೂ ಬೇಕು. ಬ್ರಿಟಿಷ್ ಮಾನದಂಡ ಬಿಎಸ್ 5837ರ ಪ್ರಕಾರ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಅಳೆದ ವ್ಯಾಸದ 12 ಪಟ್ಟು ತ್ರಿಜ್ಯದೊಳಗೆ ಬೇರು ಕಾಯಬೇಕು, 40 ಸೆಂ.ಮೀ. ಕಾಂಡಕ್ಕೆ 4.8 ಮೀಟರ್. ಉಳಿಸಬೇಕಾದ ಮರವಿದ್ದರೆ ಅಡಿಪಾಯ ಎಲ್ಲಿ ಬರಬಾರದು ಎಂದು ಇದೇ ಹೇಳುತ್ತದೆ.

ನೆಲದೊಳಗಿನ ಕೇಬಲ್, ಕೊಳವೆಗಳ ಸರ್ವೆ ಬೇರೆ ಸೇವೆ. ಲೋಹ ಹುಡುಕುವ ಲೊಕೇಟರಿಗೆ ಪ್ಲಾಸ್ಟಿಕ್ ಕೊಳವೆ ಕಾಣದು, ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ ನೋಡುವ ಜಿಪಿಆರ್‌ಗೆ ಜೇಡಿಮಣ್ಣಿನೊಳಗೆ ಆಳ ಕಾಣದು. ಏನೂ ಸಿಗಲಿಲ್ಲ ಎಂಬ ವರದಿಯನ್ನು ಏನೂ ಇಲ್ಲ ಎಂದು ಓದಬೇಡಿ. ಮಣ್ಣು ಪರೀಕ್ಷೆಯೂ ಬೇರೆಯೇ. ಗಡಿಯ ವಿಷಯಕ್ಕೆ ಬಂದರೆ, ಈ ಯಾವ ಸೇವೆಯೂ ಒಡೆತನದ ಗಡಿಯನ್ನು ಹೇಳುವುದಿಲ್ಲ. ಬೇಲಿ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ದಾಖಲೆಯ ಗಡಿಯನ್ನೂ ಬೇಲಿಯನ್ನೂ ಬೇರೆ ಬೇರೆ ಲೇಯರಿನಲ್ಲಿ ಬರೆಸಿ.

ಫೈಲು ಬಂದ ದಿನವೇ ಕ್ಯಾಡ್‌ನಲ್ಲಿ ತೆರೆದು ಮೂರು ವಿಷಯ ನೋಡಿ, ಬಾಕಿ ಹಣ ಆಮೇಲೆ ಕೊಡಿ. ಯಾವುದೇ ಮಟ್ಟದ ಬಿಂದುವನ್ನು ಕ್ಲಿಕ್ ಮಾಡಿದಾಗ ಪಕ್ಕದಲ್ಲಿ ಬರೆದ ಅಂಕಿ ಮತ್ತು ಅದರ ಝಡ್ (ಎತ್ತರದ) ಬೆಲೆ ಒಂದೇ ಇರಬೇಕು. ಬರಹ ಮಾತ್ರ ಇದ್ದು ಝಡ್ ಸೊನ್ನೆ ಇದ್ದರೆ ಅದರಿಂದ ಮಾಡೆಲ್ ಆಗುವುದಿಲ್ಲ. ಬಾಣದ ಗುರುತಿನ ಉತ್ತರ ಯಾವುದು ಎಂದು ಬರೆದಿರಬೇಕು. ದಿಕ್ಸೂಚಿಯ ಉತ್ತರವಾದರೆ ಬಿಸಿಲಿನ ಲೆಕ್ಕಕ್ಕೆ ಆ ಊರಿನ ದಿಕ್ಪಾತದಷ್ಟು (ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ) ತಿರುಗಿಸಬೇಕು. ಮತ್ತೆ ಎರಡು ಮೂಲೆಗಲ್ಲುಗಳ ನಡುವಿನ ದೂರವನ್ನು ಕ್ಯಾಡ್‌ನಲ್ಲಿ ಅಳೆದು, ಉಕ್ಕಿನ ಟೇಪಿನಿಂದ ನೆಲದ ಮೇಲೆ ನೀವೇ ಅಳೆದು ನೋಡಿ. 30 ಮೀಟರಿಗೆ ಒಂದು ಸೆಂ.ಮೀ. ಒಳಗೆ ಕೂಡದಿದ್ದರೆ ಮೇಲೆ ಹೇಳಿದ ಪ್ರಿಸಂ ಇಲ್ಲವೇ ಗುಣಕದ ತಪ್ಪು, ಎರಡರಲ್ಲೊಂದನ್ನು ಮೊದಲು ಅನುಮಾನಿಸಿ.