ಶೆವರ್ಲೆ 350 ಬ್ಲಾಕಿಗೆ 383 ಸ್ಟ್ರೋಕರ್ ಕಿಟ್: ಆರು ವರ್ಷ ಓಡಿಸಿದ ಮೇಲೆ

ಅಂಕ: 5ಕ್ಕೆ 3.5

350, 383 ಎಂದರೆ ಘನ ಇಂಚಿನಲ್ಲಿ ಎಂಜಿನ್‌ನ ಗಾತ್ರ. ಸ್ಟ್ರೋಕರ್ ಎಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್, ಉದ್ದ ಮಾಡಿ ಆ ಗಾತ್ರ ಹೆಚ್ಚಿಸುವುದು. ಕಿಟ್‌ನಲ್ಲಿ ಬರುವುದು 3.75 ಇಂಚು ಸ್ಟ್ರೋಕ್‌ನ ಎರಕದ ಉಕ್ಕಿನ ಕ್ರ್ಯಾಂಕ್, 5.7 ಇಂಚಿನ ಕನೆಕ್ಟಿಂಗ್ ರಾಡ್, 30 ಥೌ ಓವರ್‌ಸೈಜ್ ಹೈಪರ್‌ಯುಟೆಕ್ಟಿಕ್ (ಸಿಲಿಕಾನ್ ಹೆಚ್ಚಿರುವ ಅಲ್ಯೂಮಿನಿಯಂನ) ಪಿಸ್ಟನ್, ರಿಂಗ್, ಬೇರಿಂಗ್. (ಥೌ ಅಂದರೆ ನಮ್ಮ ಲೇಥ್ ಅಂಗಡಿಗಳಲ್ಲಿ ಹೇಳುವ ಹಾಗೆ ಇಂಚಿನ ಸಾವಿರದಲ್ಲೊಂದು ಪಾಲು.) ಬ್ಲಾಕ್ ಎರಡು ಬೋಲ್ಟ್ ಮೇನ್ ಕ್ಯಾಪ್‌ನ ಹಳೆಯ 350. ಬಳಕೆ ಪೂರ್ತಿ ರಸ್ತೆಯದು, ಸುಮಾರು 28,000 ಮೈಲಿ. ಬಿಸಿ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಮೊದಲ ವರ್ಷ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಅಂಕ ಕಡಿಮೆ ಮಾಡಿದ್ದು ಒಂದೇ ಕಾರಣಕ್ಕೆ: ಪೆಟ್ಟಿಗೆಯ ಮೇಲೆ ಕೂರಿಸಲು ಸಿದ್ಧ ಎಂದು ಅಚ್ಚು ಹಾಕುತ್ತಾರೆ, ಒಳಗಿನ ಸಾಮಾನು ಸಿದ್ಧ ಇರುವುದಿಲ್ಲ. ಈ ಬೆಲೆಯ ಕಿಟ್‌ಗಳಲ್ಲಿ ಇದು ಸಾಮಾನ್ಯ.

ಸ್ಟ್ರೋಕರ್ ಬಾಳಿಕೆ ಬರುವುದಿಲ್ಲ ಎಂಬ ಮಾತು ಹಳೆಯದು. ಲೆಕ್ಕ ಹಾಕಿ ನೋಡಿ. ಸ್ಟ್ರೋಕ್ 3.48ರಿಂದ 3.75 ಇಂಚಿಗೆ ಏರಿದರೆ 6,000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 17.7 ಮೀಟರ್ ಇದ್ದದ್ದು 19 ಆಗುತ್ತದೆ. ರಾಡ್ ಬೋಲ್ಟ್ ಮೇಲಿನ ಎಳೆತ ಹೆಚ್ಚುವುದು ಸುಮಾರು 8 ಶೇಕಡಾ. 5,500ರೊಳಗೆ ಓಡಿಸುವ ಗಾಡಿಗೆ ಇದು ಹೊರೆಯೇ ಅಲ್ಲ, 383ರ ಬಲ ಇರುವುದೂ ಆ ಮಿತಿಯ ಒಳಗೇ. ಎಂಜಿನ್ ಕೆಡುವುದು ಉದ್ದದ ಸ್ಟ್ರೋಕ್‌ನಿಂದಲ್ಲ. ಆ ಸ್ಟ್ರೋಕ್‌ಗೆ ಬ್ಲಾಕಿನೊಳಗೆ ಜಾಗ ಮಾಡುವಾಗ ಅವಸರ ಮಾಡಿದ್ದರಿಂದ.

ಕ್ರ್ಯಾಂಕ್‌ನ ತೋಳು 350ಕ್ಕಿಂತ 135 ಥೌ ಹೊರಗೆ ಚಾಚುತ್ತದೆ. ಹಾಗಾಗಿ ರಾಡ್ ಬೋಲ್ಟಿನ ತಲೆ ಎರಡು ಕಡೆ ತಾಗುತ್ತದೆ: ಕೆಳಗೆ ಬೋರಿನ ಅಂಚು ಮತ್ತು ಆಯಿಲ್ ಪ್ಯಾನ್ ಕೂರುವ ಪಟ್ಟಿ, ಮೇಲೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ). ಕೆಳಗಿನದನ್ನು ಡೈ ಗ್ರೈಂಡರ್‌ನಲ್ಲಿ ತೆಗೆಯಬಹುದು. ಎಲ್ಲೂ 60 ಥೌಗಿಂತ ಕಡಿಮೆ ಸಂದು ಬಿಡಬೇಡಿ. ಆದರೆ ಪ್ಯಾನ್ ಪಟ್ಟಿಯ ಹತ್ತಿರ ನೀರಿನ ಜಾಕೆಟ್ ಇದೆ. ಒಂದೇ ಸಲ ಆಳಕ್ಕೆ ಹೋಗಿ ತೂತು ಬಿದ್ದರೆ ಬ್ಲಾಕ್ ಹೋದಂತೆಯೇ. ಸ್ವಲ್ಪ ಉಜ್ಜಿ, ಕ್ರ್ಯಾಂಕ್ ಕೂರಿಸಿ ಒಂದು ಸುತ್ತು ತಿರುಗಿಸಿ, ಮತ್ತೆ ಉಜ್ಜಿ. ಎಂಟೂ ಸಿಲಿಂಡರ್‌ಗೆ ಹೀಗೇ. ಒಂದು ದಿನ ಪೂರ್ತಿ ಹಿಡಿಯುತ್ತದೆ, ಹಿಡಿಯಲಿ.

ಮೇಲಿನದು ಇನ್ನೂ ಸೂಕ್ಷ್ಮ. ಕ್ಯಾಮ್ ಲೋಬಿನ (ಉಬ್ಬಿನ) ಮೇಲೆ ಮಾಡೆಲಿಂಗ್ ಮಣ್ಣಿನ ಸಣ್ಣ ಪಟ್ಟಿ ಅಂಟಿಸಿ, ಸ್ವಲ್ಪ ಎಣ್ಣೆ ಸವರಿ, ಟೈಮಿಂಗ್ ಚೈನ್ ಹಾಕಿ, ಎಂಜಿನ್ನನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಆದ್ದರಿಂದ ಒಂದು ಸುತ್ತು ಸಾಲದು. ಮಣ್ಣಿನಲ್ಲಿ ಬೋಲ್ಟಿನ ಭುಜ ಒತ್ತಿದ ಅರ್ಧಚಂದ್ರದ ಗುರುತು ಕಾಣುತ್ತದೆ. ಅದನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ತೆಳುವಾದ ಕಡೆ ಅಳೆಯಿರಿ. 50 ಥೌ ಇದ್ದರೆ ಸಾಕು. ಕಡಿಮೆ ಇದ್ದರೆ ನಟ್-ಬೋಲ್ಟ್ ರಾಡಿನ ಬದಲು ಕ್ಯಾಪ್ ಸ್ಕ್ರೂ ರಾಡ್ (ನಟ್ ಇಲ್ಲದೆ ಬೋಲ್ಟ್ ನೇರ ರಾಡಿಗೇ ಬಿಗಿಯುವಂಥದ್ದು) ಹಾಕಿ, ಇಲ್ಲವೇ ಚಿಕ್ಕ ಬೇಸ್ ಸರ್ಕಲ್ ಕ್ಯಾಮ್ (ಲೋಬಿನ ಬುಡದ ದುಂಡು ಚಿಕ್ಕದಿರುವಂಥದ್ದು) ತರಿಸಿ. ಮುಂದೆ ಯಾವಾಗಲಾದರೂ ಕ್ಯಾಮ್ ಬದಲಿಸಿದರೆ, ಅದೇ ಕ್ಯಾಮನ್ನು 4 ಡಿಗ್ರಿ ಅಡ್ವಾನ್ಸ್ ಮಾಡಿದರೂ, ಈ ಅಳತೆ ಮತ್ತೆ ಮಾಡಲೇಬೇಕು. ಲೋಬ್ ಮತ್ತು ಬೋಲ್ಟ್ ಎದುರಾಗುವ ಗಳಿಗೆಯೇ ಬದಲಾಗಿರುತ್ತದೆ.

ಉಜ್ಜಿದ ಮೇಲೆ ತೊಳೆಯುವುದು. ಸ್ಟ್ರೋಕರ್‌ಗಳ ಬೇರಿಂಗ್ ಬೇಗ ಹೋಗಲು ಇದಕ್ಕಿಂತ ದೊಡ್ಡ ಕಾರಣ ಇಲ್ಲ ಎಂದೇ ನನ್ನ ಅಭಿಪ್ರಾಯ. ಎರಕದ ಕಬ್ಬಿಣದ ಪುಡಿ ಆಯಿಲ್ ಗ್ಯಾಲರಿ (ಬ್ಲಾಕಿನೊಳಗಿನ ಎಣ್ಣೆಯ ದಾರಿ) ಹೊಕ್ಕರೆ ಗಾಳಿ ಊದಿದರೆ ಬರುವುದಿಲ್ಲ. ಗ್ಯಾಲರಿಯ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಉದ್ದನೆಯ ಬ್ರಷ್, ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿ. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಬೋರ್ ಒರೆಸಿದರೆ ಬಟ್ಟೆ ಬೂದು ಆಗಬಾರದು. ಬೂದು ಆಗುತ್ತಿರುವವರೆಗೂ ತೊಳೆಯುವುದು ಮುಗಿದಿಲ್ಲ.

ಕ್ರ್ಯಾಂಕ್ ವಿಚಾರದಲ್ಲಿ ಕಿಟ್ ಮೇಲೆ ನನ್ನ ದೂರು ಇರುವುದು ಫಿಲೆಟ್‌ನಲ್ಲಿ. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಭಾಗ) ಮತ್ತು ಕೆನ್ನೆ ಸೇರುವ ಮೂಲೆಯ ದುಂಡು ದೊಡ್ಡದಿದ್ದಷ್ಟೂ ಕ್ರ್ಯಾಂಕ್ ಗಟ್ಟಿ, ನಿಜ. ಆದರೆ ಜೊತೆಗೆ ಕೊಟ್ಟ ಬೇರಿಂಗಿನ ಅಂಚು ಆ ದುಂಡಿನ ಮೇಲೆ ಹತ್ತಿ ಕೂರುತ್ತದೆ. ಒಣಗಿದ್ದಾಗಲೇ ಕೂರಿಸಿ ತಿರುಗಿಸಿ ತೆಗೆದರೆ ಬೇರಿಂಗಿನ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಹೊಳೆಯುವ ಗೆರೆ ಕಾಣುತ್ತದೆ. ಆ ಗೆರೆ ಕಂಡರೆ ಚೇಂಫರ್ (ಓರೆ ಅಂಚು) ಇರುವ ಬೇರಿಂಗ್ ತನ್ನಿ. ಆಯಿಲ್ ಸಂದು ಮೇನ್ ಜರ್ನಲ್‌ಗೆ 2.5 ಥೌ, ಅಂದರೆ ಜರ್ನಲ್‌ನ ಪ್ರತಿ ಇಂಚಿಗೆ 1 ಥೌ. ಪ್ಲಾಸ್ಟಿಗೇಜ್ (ಒತ್ತಿ ಚಪ್ಪಟೆಯಾದಷ್ಟರಿಂದ ಸಂದು ಅಳೆಯುವ ಎಳೆ) ನಂಬಿ ಕೂರಬೇಡಿ, ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಇರುವ ಅಂಗಡಿಯಲ್ಲಿ ಅಳೆಸಿ.

ಬ್ಯಾಲೆನ್ಸ್ ಮಾಡಿದ ಕಿಟ್ ಎಂದರೂ ಮತ್ತೊಮ್ಮೆ ಯಂತ್ರಕ್ಕೆ ಹಾಕಿಸಿ. ಎಕ್ಸ್‌ಟರ್ನಲ್ ಬ್ಯಾಲೆನ್ಸ್ ಕ್ರ್ಯಾಂಕ್ (ಸಮತೋಲದ ತೂಕದ ಒಂದು ಪಾಲು ಹೊರಗಿನ ಭಾಗಗಳಲ್ಲಿ ಇರುವಂಥದ್ದು) ಆದರೆ ಮುಂದೆ ಶೆವರ್ಲೆ 400 ಎಂಜಿನ್‌ನ ತೂಕದ ಡ್ಯಾಂಪರ್, ಹಿಂದೆ ತೂಕ ಇರುವ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕಿನ ಹಿಂತುದಿಯ ತಟ್ಟೆ) ಕಡ್ಡಾಯ. 350ರ ಡ್ಯಾಂಪರ್ ಕ್ರ್ಯಾಂಕಿಗೆ ಸರಿಯಾಗಿ ಕೂರುತ್ತದೆ, ಅದೇ ಅಪಾಯ. ಎಂಜಿನ್ ಸ್ಟಾರ್ಟ್ ಆಗುತ್ತದೆ, ನಡುಗುತ್ತದೆ, ಮೇನ್ ಬೇರಿಂಗ್ ತಿನ್ನುತ್ತದೆ. 1986ರ ನಂತರದ ಒಂದೇ ತುಂಡಿನ ಹಿಂಬದಿ ಸೀಲ್ ಇರುವ ಬ್ಲಾಕ್‌ಗಳ ಫ್ಲೆಕ್ಸ್‌ಪ್ಲೇಟ್ ಬೇರೆಯೇ. ಕ್ರ್ಯಾಂಕ್ ತರಿಸುವಾಗಲೇ ಯಾವ ಸೀಲ್ ಎಂದು ಹೇಳಿ.

6 ಇಂಚಿನ ರಾಡ್ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ರಾಡ್-ಸ್ಟ್ರೋಕ್ ಅನುಪಾತ 1.52 ಇದ್ದದ್ದು 1.6 ಆಗುತ್ತದೆ, ಬೋರಿನ ಗೋಡೆಗೆ ಒತ್ತಡ ಸ್ವಲ್ಪ ಇಳಿಯುತ್ತದೆ. ಆದರೆ ಪಿಸ್ಟನ್‌ನ ಕಂಪ್ರೆಶನ್ ಎತ್ತರ (ಪಿನ್ನಿನಿಂದ ತಲೆಯವರೆಗಿನ ಅಳತೆ) 1.425ರಿಂದ 1.125 ಇಂಚಿಗೆ ಇಳಿದು, ಹಲವು ಪಿಸ್ಟನ್‌ಗಳಲ್ಲಿ ಪಿನ್ ತೂತು ಆಯಿಲ್ ರಿಂಗ್ ಕೂರುವ ಗ್ರೂವ್‌ಗೇ ಬಂದುಬಿಡುತ್ತದೆ, ರಿಂಗಿನ ಕೆಳಗೆ ಆಧಾರದ ಪಟ್ಟಿ ಬೇಕಾಗುತ್ತದೆ. ದಿನಬಳಕೆಯ ಗಾಡಿಗೆ 5.7 ಇಂಚೇ ಸಾಕು.

ರಿಂಗಿನ ಎರಡು ತುದಿಗಳ ನಡುವಿನ ಸಂದಿನಲ್ಲಿ ತಪ್ಪಿದರೆ ಪಿಸ್ಟನ್ ಉಳಿಯುವುದಿಲ್ಲ. 4.030 ಬೋರಿಗೆ ಸಾಮಾನ್ಯ ಲೆಕ್ಕ 18 ಥೌ. ಹೈಪರ್‌ಯುಟೆಕ್ಟಿಕ್ ಪಿಸ್ಟನ್‌ಗಳಲ್ಲಿ ಮೇಲಿನ ರಿಂಗ್ ಹೆಚ್ಚು ಕಾಯುವುದರಿಂದ ಕೆಲವು ತಯಾರಕರು ಇನ್ನೂ ಜಾಸ್ತಿ ಕೇಳುತ್ತಾರೆ. ಪೆಟ್ಟಿಗೆಯಲ್ಲಿನ ಹಾಳೆ ಓದಿ. ಸಂದು ಸಾಲದೆ ತುದಿಗಳು ಒಂದಕ್ಕೊಂದು ಒತ್ತಿದರೆ ಪಿಸ್ಟನ್‌ನ ತಲೆಯ ಅಂಚೇ ಒಡೆದು ಬರುತ್ತದೆ.

ಹಳೆಯ ಹೆಡ್ಡನ್ನೇ ಹಾಕುವವರು ಮರೆಯುವ ಲೆಕ್ಕ ಒಂದಿದೆ. 64 ಸಿಸಿ ಚೇಂಬರ್, ಫ್ಲಾಟ್ ಟಾಪ್ ಪಿಸ್ಟನ್, 39 ಥೌ ಗ್ಯಾಸ್ಕೆಟ್, ಡೆಕ್ ಸೊನ್ನೆ (ಪಿಸ್ಟನ್ ಬ್ಲಾಕಿನ ಮೇಲ್ಮೈಗೆ ಸಮ). ಇದೇ ಜೋಡಣೆಯಲ್ಲಿ 355ಕ್ಕೆ (30 ಥೌ ಬೋರ್ ಮಾಡಿದ 350) ಸುಮಾರು 10.4 ಇರುವ ಕಂಪ್ರೆಶನ್ ಅನುಪಾತ 383ಕ್ಕೆ 11.1 ಆಗುತ್ತದೆ. ಕಬ್ಬಿಣದ ಹೆಡ್ಡಿಗೆ ಬಂಕಿನ ಪೆಟ್ರೋಲಿನಲ್ಲಿ ಅದು ಹೆಚ್ಚಾಯಿತು. 9.5ರ ಆಸುಪಾಸಿಗೆ ಬರುವಂತೆ ಡಿಶ್ ಪಿಸ್ಟನ್ ಇಲ್ಲವೇ ದೊಡ್ಡ ಚೇಂಬರ್ ಆರಿಸಿ. ಗ್ಯಾಸ್ಕೆಟ್ ದಪ್ಪ ಮಾಡಿ ಇಳಿಸಬೇಡಿ. ಕ್ವೆಂಚ್ (ಪಿಸ್ಟನ್ ತಲೆಗೂ ಹೆಡ್ಡಿನ ಸಪಾಟು ಭಾಗಕ್ಕೂ ನಡುವಿನ ಸಂದು) 40 ಥೌ ಬಿಟ್ಟು ಅಗಲವಾದರೆ ನಾಕಿಂಗ್ ಇನ್ನೂ ಹತ್ತಿರ ಬರುತ್ತದೆ.

ಆಯಿಲ್ ಪಂಪ್ ಸಾಧಾರಣ ವಾಲ್ಯೂಮ್‌ನದೇ ಸಾಕು. ಪಿಕಪ್ ಪ್ಯಾನಿನ ತಳದಿಂದ 3/8 ಇಂಚು ಮೇಲಿರಲಿ. ಡಿಪ್‌ಸ್ಟಿಕ್ ಕ್ರ್ಯಾಂಕಿಗೆ ತಾಗುತ್ತದೆಯೇ ಎಂದು ಪ್ಯಾನ್ ಮುಚ್ಚುವ ಮೊದಲೇ ನೋಡಿ.

ಮೊದಲ ಮೂರು ಆಯಿಲ್ ಬದಲಾವಣೆಯಲ್ಲಿ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿನಲ್ಲಿ ನೋಡಿ. ಅಯಸ್ಕಾಂತಕ್ಕೆ ಹಿಡಿಯುವ ಸಣ್ಣ ಕಪ್ಪು ಪುಡಿ ಮೊದಲ ಸಲ ಸ್ವಲ್ಪ ಇದ್ದೇ ಇರುತ್ತದೆ, ಎರಡನೆಯ ಸಲ ಕಡಿಮೆ ಆಗಬೇಕು. ಹಿಡಿಯದೆ ಬೂದು ಬಣ್ಣದಲ್ಲಿ ಮಿನುಗಿದರೆ ಬೇರಿಂಗಿನ ಮೇಲ್ಪದರ ಸವೆಯುತ್ತಿದೆ. ತಾಮ್ರದ ಬಣ್ಣ ಕಂಡರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಅವತ್ತೇ ಪ್ಯಾನ್ ಇಳಿಸಿ.